ಬಿಟ್ಟಿ ಬಂದ ಲೆಕ್ಕಿಗ

ವೀಲ್‌ಚೇರಿನ ಮುಂದಿನ ಚಿಕ್ಕ ಚಕ್ರಕ್ಕೆ ಕೂದಲು ಸುತ್ತಿಕೊಳ್ಳುತ್ತದೆ ಅನ್ನೋದು ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಪ್ರಮೇಯವೂ ಬಂದಿರಲಿಲ್ಲ. ನಾನು ಕಾಸ್ಟಿಂಗ್‌ನವನು. ಒಂದು ವಸ್ತು ಕಾರ್ಖಾನೆಯಿಂದ ಹೊರಬೀಳುವಷ್ಟರಲ್ಲಿ ನಿಜಕ್ಕೂ ಎಷ್ಟು ಖರ್ಚಾಯಿತು ಅಂತ ಲೆಕ್ಕ ಹಾಕುವುದು ಹದಿನಾರು ವರ್ಷದಿಂದ ನನ್ನ ಕಸುಬು. ಮುಟ್ಟಿ ನೋಡದ ವಸ್ತುಗಳ ಬೆಲೆಯನ್ನು ಮೂರು ದಶಮಾಂಶದವರೆಗೆ ಹೇಳಬಲ್ಲೆ.

ನಮ್ಮ ಕಂಪನಿಯಲ್ಲಿ ವರ್ಷಕ್ಕೊಂದು ದಿನ ಸಮಾಜಸೇವೆ ನಡೆಯುತ್ತದೆ. ಮೊದಲೆಲ್ಲ ಟೀ ಶರ್ಟ್ ಹಾಕಿಕೊಂಡು ಹೋಗಿ ಗೋಡೆಗೆ ಬಣ್ಣ ಬಳಿಯುತ್ತಿದ್ದೆವು. ಒಂದು ಸಲ ನಾವು ಬಳಿದ ಗೋಡೆಯನ್ನು ಮರುವಾರ ಆ ಸಂಸ್ಥೆಯವರು ಕೂಲಿ ಕೊಟ್ಟು ಮತ್ತೆ ಬಳಿಸಿದರು ಅಂತ ಆಮೇಲೆ ಸುದ್ದಿ ಬಂತು. ಅದು ಎಚ್‌ಆರ್‌ನವರ ಕಿವಿಗೂ ಬಿದ್ದಿರಬೇಕು. ಆ ವರ್ಷ ಬಣ್ಣದ ಬ್ರಷ್ ಬೇಡ, ನಿಮ್ಮ ಕಸುಬನ್ನೇ ತನ್ನಿ ಅಂದರು.

ಹಿಂದಿನ ದಿನ ಒಂದು ಪ್ರೆಸೆಂಟೇಷನ್ ಇತ್ತು. ವಕೀಲರು ಬಡವರ ಕೇಸನ್ನು ಫೀಸಿಲ್ಲದೆ ನಡೆಸುವುದಕ್ಕೆ ‘ಪ್ರೊ ಬೊನೊ’ ಅನ್ನುತ್ತಾರೆ, ಅಮೆರಿಕದ ವಕೀಲರ ಸಂಘದ ಮಾದರಿ ನಿಯಮದಲ್ಲಿ ವರ್ಷಕ್ಕೆ 50 ಗಂಟೆ ಹೀಗೆ ದುಡಿಯಿರಿ ಅಂತಿದೆ, 2001ರಲ್ಲಿ ಶುರುವಾದ ಟ್ಯಾಪ್‌ರೂಟ್ ಫೌಂಡೇಷನ್ ಅದೇ ಪದ್ಧತಿಯನ್ನು ಮಾರ್ಕೆಟಿಂಗ್, ಎಚ್‌ಆರ್‌ನಂಥ ಕಸುಬುಗಳಿಗೂ ತಂತು, ಹೀಗೆ. ಇದರಲ್ಲಿ ಅರ್ಧ ನನ್ನ ಕಿವಿಗೆ ಹೋಗಲಿಲ್ಲ. ಮನಸ್ಸಿಗೆ ಹಿಡಿಸಿದ್ದು ಟೊಯೋಟಾ ಕತೆ. ಬಡವರಿಗೆ ಆಹಾರ ಒದಗಿಸುವ ನ್ಯೂಯಾರ್ಕಿನ ಫುಡ್ ಬ್ಯಾಂಕಿಗೆ ಟೊಯೋಟಾದವರು ದುಡ್ಡಿನ ಬದಲು ತಮ್ಮ ಎಂಜಿನಿಯರುಗಳನ್ನು ಕಳಿಸಿದ್ದರಂತೆ. ಹಾರ್ಲೆಮ್‌ನ ಒಂದು ಉಚಿತ ಊಟದ ಮನೆಯಲ್ಲಿ ಜನ 90 ನಿಮಿಷದವರೆಗೂ ಹೊರಗೆ ಕಾಯುತ್ತಿದ್ದರು. ಇವರು ಹೋದ ಮೇಲೆ ಅದು 18 ನಿಮಿಷಕ್ಕೆ ಇಳಿಯಿತು ಅಂತ 2013ರಲ್ಲಿ ಪತ್ರಿಕೆಯಲ್ಲಿ ಬಂದಿತ್ತು. ಸ್ಲೈಡಿನ ಮೇಲೆ 90, ಬಾಣದ ಗುರುತು, 18. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾಳೆ ನಮ್ಮ ಕೈಯಿಂದಲೂ ಒಂದು ಬಾಣ ಹೊರಡುತ್ತದೆ ಅಂತ ನನಗೆ ಒಳಗೊಳಗೇ ಖಾತ್ರಿಯಿತ್ತು.

ನಮ್ಮ ಪಾಲಿಗೆ ಬಂದದ್ದು ವೀಲ್‌ಚೇರು, ವಾಕರು, ರೋಗಿಗಳ ಮಂಚ ಇವನ್ನು ಎರವಲು ಕೊಡುವ ಒಂದು ಸಣ್ಣ ಸಂಸ್ಥೆ. ಕಾಲು ಮುರಿದವರು, ಹಾಸಿಗೆ ಹಿಡಿದವರು ತೆಗೆದುಕೊಂಡು ಹೋಗುತ್ತಾರೆ, ಕೆಲಸ ಮುಗಿದ ಮೇಲೆ ವಾಪಸು ತರುತ್ತಾರೆ. ದುಡ್ಡಿಲ್ಲ. ಒಬ್ಬರು ಕಾರ್ಯದರ್ಶಿ ಮೇಡಂ, ಫೋನು ಮತ್ತು ಪುಸ್ತಕ ನೋಡಿಕೊಳ್ಳುವ ಒಬ್ಬ ಹುಡುಗಿ, ಗೋದಾಮಿನಲ್ಲಿ ಒಬ್ಬ ಹಿರಿಯರು. ಇಷ್ಟೇ ಸಂಸ್ಥೆ. ನಾವು ಐದು ಜನ ಹೋದಾಗ ಅವರಿಗಿಂತ ನಾವೇ ಹೆಚ್ಚಾದೆವು. ಕೂರಲು ಕುರ್ಚಿ ಸಾಲದೆ ನಾನು ಒಂದು ವೀಲ್‌ಚೇರಿನಲ್ಲೇ ಕೂತೆ.

ಅವರು ಅರ್ಜಿಯಲ್ಲಿ ‘ವೆಬ್‌ಸೈಟ್ ಬೇಕು’ ಅಂತ ಬರೆದಿದ್ದರು. ಯಾಕೆ ಮೇಡಂ ಅಂತ ಕೇಳಿದೆ.

“ನಿಮ್ಮ ಫಾರಂನಲ್ಲಿ ಮೂರೇ ಇತ್ತು ಸರ್. ವೆಬ್‌ಸೈಟು, ಪೋಸ್ಟರು, ತರಬೇತಿ. ಯಾವುದಾದ್ರೂ ಒಂದಕ್ಕೆ ಟಿಕ್ ಹಾಕ್ಬೇಕಿತ್ತಲ್ಲ.”

ಆಗಲೇ ಎಚ್ಚರವಾಗಬೇಕಿತ್ತು. ಆಗಲಿಲ್ಲ. ಸಾಫ್ಟ್‌ವೇರಿನ ಇಬ್ಬರು ಲ್ಯಾಪ್‌ಟಾಪ್ ತೆರೆದು ವೆಬ್‌ಸೈಟಿಗೆ ಕೂತರು. ಮಾರ್ಕೆಟಿಂಗಿನವಳು ಲೋಗೋದ ಬಣ್ಣ ಹಿಡಿದಳು. ನಾನು ಲೆಕ್ಕದ ಕಡತ ತೋರಿಸಿ ಅಂದೆ. ಬ್ಯಾಂಕಿನ ಸ್ಟೇಟ್‌ಮೆಂಟ್ ನೋಡಿ ಆಶ್ಚರ್ಯವಾಯಿತು. ಬಡ ಸಂಸ್ಥೆ ಅಂದುಕೊಂಡು ಬಂದರೆ ಖಾತೆಯಲ್ಲಿ ಕೈತುಂಬ ದುಡ್ಡಿದೆ. ಆ ಕಡೆ ಗೋದಾಮಿನಲ್ಲಿ ಅರ್ಧಕ್ಕರ್ಧ ವೀಲ್‌ಚೇರು ರಿಪೇರಿಗೆ ಕಾದು ನಿಂತಿವೆ.

“ರಿಪೇರಿಗೆ ಇನ್ನೊಬ್ಬರನ್ನ ಇಟ್ಕೊಳ್ಳಿ ಮೇಡಂ. ದುಡ್ಡಿದೆಯಲ್ಲ.”

“ಇದೆ ಸರ್. ನಮ್ಮದಲ್ಲ.”

ಅವರು ಪೆನ್ಸಿಲ್ ತಗೊಂಡು ಅದೇ ಹಾಳೆಯ ಅಂಚಿನಲ್ಲಿ ಬರೆದು ತೋರಿಸಿದರು. ಇಷ್ಟು ಹೊಸ ವೀಲ್‌ಚೇರು ಕೊಳ್ಳುವುದಕ್ಕೆ ಮಾತ್ರ. ಇಷ್ಟು ಮಕ್ಕಳ ವಾಕರಿಗೆ. ಇದನ್ನು ವರ್ಷದ ಕೊನೆಯೊಳಗೆ ಮುಗಿಸದಿದ್ದರೆ ದಾನಿಗಳಿಗೆ ವಾಪಸು. ಎಲ್ಲ ಕಳೆದು ಬಾಡಿಗೆಗೆ, ಫೋನಿಗೆ, ಸಂಬಳಕ್ಕೆ ಅಂತ ಉಳಿದದ್ದು ಎರಡು ತಿಂಗಳಿಗೆ ಸಾಕಾಗುವಷ್ಟು. ಕಂಪನಿಯಲ್ಲಿ ಇವತ್ತು ಕೈಯಲ್ಲಿರುವ ದುಡ್ಡನ್ನು ಇವತ್ತು ಬೆಂಕಿ ಬಿದ್ದ ಕಡೆ ಸುರಿಯಬಹುದು. ಇಲ್ಲಿ ಒಂದೊಂದು ನೋಟಿನ ಮೇಲೂ ಕೊಟ್ಟವರ ಷರತ್ತು. ನಿರ್ಬಂಧಿತ ನಿಧಿ ಅಂತ ಇದಕ್ಕೊಂದು ಹೆಸರಿದೆ, ಪರೀಕ್ಷೆಗೆ ಓದಿ ಪಾಸೂ ಆಗಿದ್ದೆ. ಆದರೂ ಬಾಯಿಂದ ಬಂದದ್ದು ಕಂಪನಿಯ ಮಾತೇ.

ಮುಖ ತಪ್ಪಿಸಿಕೊಳ್ಳಲು ಗೋದಾಮಿಗೆ ಹೋದೆ. ಅಲ್ಲಿ ಹಿರಿಯರು ಒಂದು ವೀಲ್‌ಚೇರನ್ನು ಬೆಂಚಿನ ಮೇಲೆ ತಲೆಕೆಳಗು ಮಾಡಿಕೊಂಡು, ಮುಂದಿನ ಚಕ್ರದ ಅಚ್ಚಿನ ಹತ್ತಿರ ಬ್ಲೇಡಿನಿಂದ ಏನನ್ನೋ ಕೊಯ್ಯುತ್ತಿದ್ದರು. ಬಗ್ಗಿ ನೋಡಿದೆ. ಕೂದಲು. ಜೊತೆಗೆ ಹೊದಿಕೆಯ ನೂಲು, ಬ್ಯಾಂಡೇಜಿನ ಎಳೆ, ಧೂಳು, ಎಣ್ಣೆ, ಎಲ್ಲ ಸೇರಿ ಹುರಿಯ ಹಾಗೆ ಗಟ್ಟಿಯಾಗಿ ಬಿಗಿದುಕೊಂಡಿತ್ತು. ಕೊಯ್ದು, ಬಾಗಿಸಿದ ಕಂಬಿಯಿಂದ ಎಳೆದು, ಮತ್ತೆ ಕೊಯ್ದು, ಒಂದು ಚಕ್ರ ಬಿಡುಗಡೆಯಾದಾಗ ಬೆರಳಿನಿಂದ ಗಿರ್ರನೆ ತಿರುಗಿಸಿದರು. ಅದು ತಿರುಗಿದ್ದು ನೋಡಿ ಅವರಿಗಿಂತ ನನಗೆ ಹೆಚ್ಚು ಖುಷಿಯಾಯಿತು.

“ಇದು ಕಟ್ಕೊಂಡ್ರೆ ಕುರ್ಚಿ ಒಂದು ಪಕ್ಕಕ್ಕೆ ಎಳೆಯುತ್ತೆ. ತಳ್ಳೋರಿಗೆ ಕೈ ನೋವು, ಕೂತೋರಿಗೆ ಭಯ,” ಅಂದರು. ಆಮೇಲೆ ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿದರು. “ಗಾಳಿ ನೋಡ್ಬೇಕು. ಗಾಳಿ ಇಳಿದ್ರೆ ಬ್ರೇಕು ಹಿಡಿಯಲ್ಲ.”

“ಗಾಳಿಗೂ ಬ್ರೇಕಿಗೂ ಏನು ಸಂಬಂಧ?”

ಅವರು ನನ್ನ ಮುಖ ನೋಡಿ, ಮಾತಾಡದೆ ಬ್ರೇಕಿನ ಸನ್ನೆ ಹಾಕಿ ತೋರಿಸಿದರು. ಅದರ ಕಬ್ಬಿಣದ ತುಂಡು ಟೈರಿನ ಮೈಯನ್ನೇ ಒತ್ತಿ ಹಿಡಿಯಬೇಕು. ಟೈರು ಮೆತ್ತಗಿದ್ದರೆ ಬರೀ ಸವರಿಕೊಂಡು ಹೋಗುತ್ತದೆ. “ಎದ್ದು ನಿಲ್ಲೋಕೆ ಹೋದಾಗ ಕುರ್ಚಿ ಹಿಂದಕ್ಕೆ ಜಾರುತ್ತೆ. ಕಾಲು ಸರಿ ಆಗಲಿ ಅಂತ ಕುರ್ಚಿ ತಗೊಂಡೋರು ಸೊಂಟ ಮುರ್ಕೊಂತಾರೆ.”

ಕಾಲಿಡುವ ಪಟ್ಟಿಗಳು ಇನ್ನೊಂದು ಗೋಳು. ಮನೆಯಲ್ಲಿ ಬಾಗಿಲಿಗೆ ತಗಲುತ್ತೆ ಅಂತ ಬಿಚ್ಚಿಡುತ್ತಾರೆ, ವಾಪಸು ಕೊಡುವಾಗ ಮರೆಯುತ್ತಾರೆ. ಮೂಲೆಯಲ್ಲಿ ಒಂದು ಪೆಟ್ಟಿಗೆಯ ತುಂಬ ಜೊತೆ ಕಳೆದುಕೊಂಡ ಪಟ್ಟಿಗಳಿದ್ದವು, ಬರೀ ಎಡಗಾಲಿನವೇ ಜಾಸ್ತಿ.

ನಾನು ಫೋನು ತೆಗೆದು ಸಮಯ ಹಿಡಿದೆ. ಒಂದು ಕುರ್ಚಿ ಬಂದು, ತೊಳೆದು, ಔಷಧಿ ಹಾಕಿ ಒರೆಸಿ, ಕೂದಲು ಬಿಡಿಸಿ, ಬೋಲ್ಟು ಬಿಗಿ ಮಾಡಿ, ಗಾಳಿ ತುಂಬಿ ಮತ್ತೆ ಹೊರಡಲು ಒಂದು ಗಂಟೆ ಹತ್ತು ನಿಮಿಷ. ವಾಪಸು ಕೊಡಿ ಅಂತ ಮಾಡಿದ ಫೋನುಗಳ ಸಮಯ ಬೇರೆ. ಸಾಗಾಟ ಬೇರೆ, ಜಾಗದ ಬಾಡಿಗೆ ಬೇರೆ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೂಡಿಸಿದೆ. ಬಿಟ್ಟಿ ಬಂದ ಕುರ್ಚಿಯನ್ನು ಎರಡು ವರ್ಷ ಹಾಗೇ ಓಡಾಡಿಸುವ ಖರ್ಚು ಅದೇ ಥರದ ಹೊಸ ಕುರ್ಚಿಯ ಬೆಲೆಯನ್ನು ದಾಟುತ್ತಿತ್ತು. ಕುರ್ಚಿಗೆ ದಾನಿಗಳಿದ್ದರು, ಕುರ್ಚಿಯ ಜೊತೆ ಅವರ ಫೋಟೋನೂ ಇತ್ತು. ಕೂದಲು ಕೊಯ್ಯುವುದಕ್ಕೆ ದಾನಿಗಳಿರಲಿಲ್ಲ.

ಮೇಡಂ ಆ ಹಾಳೆಯನ್ನು ತುಂಬ ಹೊತ್ತು ನೋಡಿದರು. ಆಮೇಲೆ ತಮ್ಮ ವಾರ್ಷಿಕ ವರದಿ ತೆಗೆದು ತೋರಿಸಿದರು. ಆಡಳಿತ ವೆಚ್ಚ ತೀರಾ ಕಡಿಮೆ ಅಂತ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿದೆ. ಅದು ಕಡಿಮೆಯಿದ್ದದ್ದು ಹಿರಿಯರಿಗೆ ಅರ್ಧ ದಿನದ ಸಂಬಳ ಕೊಟ್ಟು ಪೂರ್ತಿ ದಿನ ದುಡಿಸಿಕೊಂಡಿದ್ದರಿಂದ, ಮೇಡಂ ತಾವೇ ಭಾನುವಾರ ಬಂದು ಕೂತಿದ್ದರಿಂದ. ಅವರದು ತಪ್ಪು ಅನ್ನಲಾರೆ. ದಾನಿಗಳು ಮೊದಲು ಕೇಳುವುದೇ ಆ ಒಂದು ಅಂಕಿ. ಅಮೆರಿಕದಲ್ಲಿ ಸಂಸ್ಥೆಗಳ ಮಾಹಿತಿ ಕಲೆಹಾಕಿ ತೂಗಿ ನೋಡುವ ಗೈಡ್‌ಸ್ಟಾರ್, ಚ್ಯಾರಿಟಿ ನ್ಯಾವಿಗೇಟರ್, ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ಮೂರೂ ಸೇರಿ 2013ರಲ್ಲಿ ದಾನಿಗಳಿಗೆ ಬಹಿರಂಗ ಪತ್ರ ಬರೆದು, ಆ ಒಂದು ಅಂಕಿ ನೋಡಿ ಸಂಸ್ಥೆಯನ್ನು ಅಳೆಯಬೇಡಿ ಅಂದಿದ್ದವು. ನಾನು ಆ ಪತ್ರ ಓದಿದ್ದು ಆಮೇಲೆ.

ಸಂಜೆ ಬ್ಯಾನರ್ ಹಿಡಿದು ಫೋಟೋ ಆಯಿತು. ಹೊರಡುವಾಗ ಮೇಡಂ ಒಂದು ಪುಸ್ತಕದಲ್ಲಿ ನಾವು ಬಂದ ಹೊತ್ತು, ಹೋದ ಹೊತ್ತು ಬರೆದುಕೊಳ್ಳುತ್ತಿದ್ದರು. ನಮ್ಮ ಗಂಟೆಗಳನ್ನು ಎಣಿಸುತ್ತಿದ್ದಾರೆ, ಕೃತಜ್ಞತಾ ಪತ್ರಕ್ಕಿರಬೇಕು ಅಂದುಕೊಂಡೆ.

“ಇಲ್ಲ ಸರ್, ನಮ್ಮ ಗಂಟೆ. ಇವತ್ತು ನಾವು ಮೂರು ಜನಾನೂ ನಿಮ್ಮ ಜೊತೇನೇ ಇದ್ವಿ. ಹನ್ನೊಂದು ಮನೆಗೆ ಫೋನ್ ಮಾಡೋದಿತ್ತು, ನಿಂತೋಯ್ತು.”

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ಕಾರಿನಲ್ಲಿ ಕೂತು ಈ ಗಾದೆಯನ್ನು ನಾನು ಬಾಯಿಬಿಟ್ಟು ಹೇಳಿದೆ, ಎಲ್ಲರೂ ನಕ್ಕರು. ಶನಿವಾರ ಹಾಳು ಮಾಡಿಕೊಂಡು ಬಂದಿದ್ದೇವೆ, ಅದಕ್ಕೂ ಲೆಕ್ಕವೇ ಅಂತ.

ಅದಾದ ಮೇಲಿನ ಮೂರು ವಾರ ನನ್ನ ಪಾಲಿಗೆ ಮರ್ಯಾದೆಯ ವಾರಗಳಲ್ಲ. ಆ ದಿನ ಕೊನೆಗೆ ಅವರಿಗೊಂದು ಎಕ್ಸೆಲ್ ಶೀಟ್ ಮಾಡಿಕೊಟ್ಟಿದ್ದೆ. ಕುರ್ಚಿಯ ನಂಬರ್ ಹಾಕಿದರೆ ಅದು ಎಲ್ಲಿದೆ, ಇದುವರೆಗೆ ಎಷ್ಟು ಖರ್ಚಾಗಿದೆ ಎಲ್ಲ ಬರಬೇಕು. ಅವರಲ್ಲಿ ಹಳೇ ಕುರ್ಚಿಗಳಿಗೆ 47, 48 ಅಂತ ನಂಬರು, ಆಮೇಲೆ ಬಂದವಕ್ಕೆ 0047, 0048 ಅಂತ. ಎಕ್ಸೆಲ್ಲಿಗೆ ಹಾಗೇ ಬಿಟ್ಟರೆ ಅದು ಮುಂದಿನ ಸೊನ್ನೆಗಳನ್ನು ನುಂಗಿಹಾಕುತ್ತದೆ, ಆ ಕಾಲಂ ಅಕ್ಷರ ಅಂತ ಮೊದಲೇ ಹೇಳಿಡಬೇಕು. ನನಗೆ ಗೊತ್ತಿದ್ದದ್ದೇ, ಅವಸರದಲ್ಲಿ ಬಿಟ್ಟೆ. ಎರಡು ಕುರ್ಚಿ ಸೇರಿ ಒಂದಾದವು. ಯಾರ ಮನೆಯಲ್ಲೋ ಇರುವ ಕುರ್ಚಿ ಗೋದಾಮಿನಲ್ಲಿದೆ ಅಂತ ತೋರಿಸತೊಡಗಿತು. ಅವರೇ ಸರಿ ಮಾಡಿಕೊಳ್ಳೋಣ ಅಂದರೆ, ಯಾರೂ ಕೈಯಾಡಿಸದಿರಲಿ ಅಂತ ನಾನು ಪಾಸ್‌ವರ್ಡ್ ಹಾಕಿ ಬಂದಿದ್ದೆ, ಹೇಳಿರಲಿಲ್ಲ. ಎರಡು ಸಲ ಫೋನ್ ಬಂತು. ಕಂಪನಿಯಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ‘ನೋಡ್ತೀನಿ ಮೇಡಂ’ ಅಂತ ಮೆಸೇಜ್ ಹಾಕಿ ಮರೆತೆ. ಆ ಹುಡುಗಿ ಅಷ್ಟನ್ನೂ ಮತ್ತೆ ಪುಸ್ತಕಕ್ಕೆ ಇಳಿಸಿಕೊಂಡಳು.

ವೆಬ್‌ಸೈಟಿನ ಕತೆ ಇನ್ನೂ ಚೆನ್ನಾಗಿದೆ. ಅದು ಕೆಲಸ ಮಾಡಿತು, ಅದೇ ತೊಂದರೆಯಾಯಿತು. ನೋಡಿದವರೆಲ್ಲ ವೀಲ್‌ಚೇರ್ ಬೇಕು ಅಂತ ಫೋನ್ ಮಾಡತೊಡಗಿದರು. ಕುರ್ಚಿಗಳು ನಿಂತಿದ್ದದ್ದು ಹಿರಿಯರ ಬೆಂಚಿನ ಮುಂದೆ, ನಾವು ಅಗಲ ಮಾಡಿದ್ದು ಮುಂಬಾಗಿಲನ್ನು. ಅಡಚಣೆ ಇರುವ ಕಡೆ ಬಿಟ್ಟು ಬೇರೆ ಕಡೆ ವೇಗ ಹೆಚ್ಚಿಸಿದರೆ ರಾಶಿ ಬೆಳೆಯುತ್ತದೆ ಅಂತ ಕಾರ್ಖಾನೆಯಲ್ಲಿ ಹೊಸಬರಿಗೆ ಪಾಠ ಹೇಳುವವನು ನಾನು. ಆ ಟೊಯೋಟಾ ಕತೆಯನ್ನು ಆಮೇಲೆ ಪೂರ್ತಿ ಹುಡುಕಿ ಓದಿದೆ. ಐವತ್ತು ಕುರ್ಚಿಯ ಊಟದ ಮನೆಯಲ್ಲಿ ಹತ್ತು ಜಾಗ ಖಾಲಿಯಾಗುವವರೆಗೆ ಕಾದು, ಹತ್ತು ಹತ್ತು ಜನರನ್ನು ಒಟ್ಟಿಗೆ ಒಳಗೆ ಬಿಡುತ್ತಿದ್ದರು. ಅಷ್ಟು ಹೊತ್ತು ಕುರ್ಚಿ ಖಾಲಿ, ಹೊರಗೆ ಸಾಲು. ಎಂಜಿನಿಯರುಗಳು ಮಾಡಿದ್ದು ಇಷ್ಟೇ: ಒಂದು ಜಾಗ ಖಾಲಿಯಾದರೆ ಒಬ್ಬರನ್ನು ಬಿಡಿ, ಕಾಯುವವರನ್ನು ಒಳಗೆ ಊಟ ತಗೊಳ್ಳುವ ಕಡೆಯೇ ನಿಲ್ಲಿಸಿ, ಖಾಲಿ ಜಾಗ ನೋಡುವುದಕ್ಕೇ ಒಬ್ಬರನ್ನು ಇಡಿ. ಸ್ಲೈಡಿನಲ್ಲಿ ಇದು ಇರಲಿಲ್ಲ.

ಮತ್ತೆ ಹೋದೆ, ಈ ಸಲ ಒಬ್ಬನೇ, ಟೀ ಶರ್ಟ್ ಇಲ್ಲದೆ. ಕ್ಷಮೆ ಕೇಳಿದೆ. ಮೇಡಂ “ಪಾಸ್‌ವರ್ಡ್ ಏನ್ ಸರ್?” ಅಂದರು, ಅಷ್ಟೇ. ಅದನ್ನು ತೆಗೆದುಹಾಕಿ, ಸೊನ್ನೆಗಳನ್ನು ವಾಪಸು ಕೂರಿಸಿ, ಸೂತ್ರಗಳನ್ನು ಆ ಹುಡುಗಿಯ ಕೈಯಲ್ಲೇ ಮತ್ತೆ ಬರೆಸಿದೆ. ಅಂದಿನಿಂದ ತಿಂಗಳಿಗೆ ಎರಡು ಸಂಜೆ ಹೋಗುತ್ತೇನೆ. ಕುರ್ಚಿಯ ಖರ್ಚಿನ ಹಾಳೆಯನ್ನು ಮೇಡಂ ಮೂರು ದಾನಿಗಳಿಗೆ ಕಳಿಸಿದರು. ಒಬ್ಬರು ನಾವು ವಸ್ತು ಮಾತ್ರ ಕೊಡೋದು ಅಂದರು. ಒಬ್ಬರು ಉತ್ತರವನ್ನೇ ಕೊಡಲಿಲ್ಲ. ಇನ್ನೊಬ್ಬರು ಟೈರು ಮತ್ತು ಕಾಲಿನ ಪಟ್ಟಿಗೆ ಒಪ್ಪಿದರು, ಸಂಬಳಕ್ಕೆ ಒಪ್ಪಲಿಲ್ಲ. ಹಿರಿಯರಿಗೆ ಇನ್ನೂ ಅರ್ಧ ದಿನದ ಸಂಬಳವೇ. ಹೊಸ ಪಟ್ಟಿಗಳು ಮಾತ್ರ ಬಂದಿವೆ, ಬಲಗಾಲಿನವೂ.

ನಮ್ಮಂಥವರ ಬಿಟ್ಟಿ ದುಡಿಮೆಗೆ ಲೆಕ್ಕಪತ್ರದಲ್ಲಿ ಜಾಗವಿದೆ. ಅಮೆರಿಕದಲ್ಲಿ 1993ರಿಂದ ಒಂದು ನಿಯಮವಿದೆ: ವಿಶೇಷ ಪರಿಣತಿ ಬೇಕಾದ ಕೆಲಸವನ್ನು ಪರಿಣತರೇ ಮಾಡಿಕೊಟ್ಟಿದ್ದರೆ, ಇಲ್ಲದಿದ್ದರೆ ದುಡ್ಡು ಕೊಟ್ಟೇ ಮಾಡಿಸಬೇಕಿತ್ತು ಅನ್ನುವಂತಿದ್ದರೆ, ಅದರ ಬೆಲೆಯನ್ನು ಸಂಸ್ಥೆ ದೇಣಿಗೆ ಅಂತ ಬರೆದುಕೊಳ್ಳುತ್ತದೆ. ಹಾಗೆ ಬಂದ ಪರಿಣತನಿಗೆ ಕಡತ ಹುಡುಕಿ ಕೊಟ್ಟವರ, ಗೋದಾಮು ತೋರಿಸಿದವರ, ಅವನು ಕೆಡಿಸಿದ್ದನ್ನು ಕೂತು ತಿದ್ದಿದವರ ಸಮಯ ಬೇರೆಯಾಗಿ ಎಲ್ಲೂ ಕಾಣುವುದಿಲ್ಲ, ಅದು ಸಂಬಳದ ಸಾಲಿನೊಳಗೆ ಕರಗಿಹೋಗಿರುತ್ತದೆ.

ಹೋದ ವಾರ ಶೀಟ್ ತೆರೆದಾಗ ತೊಳೆಯುವ ಖರ್ಚಿನ ಕೆಳಗೆ ಹೊಸದೊಂದು ಸಾಲು ಕಾಣಿಸಿತು. ‘ಪರಿಣತ ಸ್ವಯಂಸೇವಕರಿಗೆ ಕೊಟ್ಟ ಸಮಯ.’ ಹುಡುಗಿ ತಾನೇ ಸೇರಿಸಿದ್ದಳು. ಅಭ್ಯಾಸಬಲ, ಸೂತ್ರ ಒತ್ತಿ ನೋಡಿದೆ, ಸರಿಯಾಗಿತ್ತು. ನನ್ನ ಹೆಸರಿನ ಮುಂದೆ ಈ ತಿಂಗಳು ಒಂದೂವರೆ ಗಂಟೆ ಇತ್ತು. ಹಿಂದಿನ ತಿಂಗಳು ನಾಲ್ಕು.