ರೈತನ ಮಗನಿಗೆ ಹೆಣ್ಣು ಯಾಕೆ ಸಿಗ್ತಿಲ್ಲ?

ಮಂಡ್ಯದ ಯಾವ ಕಲ್ಯಾಣ ಮಂಟಪಕ್ಕೆ ಹೋದರೂ ಊಟದ ಹೊತ್ತಿಗೆ ಯಾರಾದರೂ ಒಬ್ಬರು ಇದನ್ನು ಕೇಳೇ ಕೇಳುತ್ತಾರೆ. "ಹಳ್ಳಿ ಹಳ್ಳಿ ಸುತ್ತಿ ಹೆಂಗಸರನ್ನ ಮಾತಾಡಿಸ್ತೀಯಲ್ಲವ್ವ, ನೀನೇ ಹೇಳು. ನಮ್ ಹೈಕ್ಳಿಗೆ ಹೆಣ್ಣು ಯಾಕ್ ಸಿಕ್ತಿಲ್ಲ?" ಕೇಳುವವರ ದನಿಯಲ್ಲಿ ಸಿಟ್ಟಿಗಿಂತ ದುಃಖವೇ ಜಾಸ್ತಿ. ಮನೆಯಲ್ಲಿ ಮೂವತ್ತೈದು ದಾಟಿದ ಮಗ. ಎರಡು ಎಕರೆ ನೀರಾವರಿ. ಕುಡಿತ ಇಲ್ಲ, ದೊಡ್ಡ ಸಾಲವೂ ಇಲ್ಲ. ಆದರೂ ಜಾತಕ ಕೊಟ್ಟ ಕಡೆಯಿಂದ ಮಾತೇ ಬರುವುದಿಲ್ಲ.

2023ರ ಫೆಬ್ರವರಿಯಲ್ಲಿ ಮದ್ದೂರು ಕಡೆಯ ಹುಡುಗರು ಹೆಣ್ಣು ಸಿಗಲಪ್ಪಾ ಅಂತ ಮಾದಪ್ಪನ ಬೆಟ್ಟಕ್ಕೆ ನಡೆದರು. ನೂರಕ್ಕೂ ಜಾಸ್ತಿ ಕಿಲೋಮೀಟರ್. ಟಿವಿಯಲ್ಲಿ ನೋಡಿ ನಕ್ಕವರು ತುಂಬಾ ಜನ. ನನಗೆ ನಗು ಬರಲಿಲ್ಲ. ಆ ಹುಡುಗರ ಕಷ್ಟ ನಿಜವಾದದ್ದು. ಅದಕ್ಕೇ ಈ ಪ್ರಶ್ನೆಗೆ ಪಂಕ್ತಿಯಲ್ಲಿ ಕೂತು ಹೇಳಲಾಗದ ಉತ್ತರವನ್ನು ಇಲ್ಲಿ ಕೂತು ಬರೆಯುತ್ತಿದ್ದೇನೆ.

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಒಬ್ಬ ಹೆಂಗಸು ನಿನ್ನೆ ಬೆಳಗಿನ ಜಾವದಿಂದ ಇವತ್ತು ಬೆಳಗಿನ ಜಾವದವರೆಗೆ ಏನೇನು ಮಾಡಿದಳು ಅಂತ ಕೇಳಿ ಬರೆದುಕೊಳ್ಳುವುದು. ಅಷ್ಟೇ. ಓದಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ, ಸುತ್ತುವುದು ಮಂಡ್ಯ, ಪಾಂಡವಪುರ, ಮದ್ದೂರಿನ ಊರುಗಳಲ್ಲಿ.

ಈ ಪ್ರಶ್ನೆಗೆ ಜನ ತಾವೇ ಕೊಟ್ಟುಕೊಳ್ಳುವ ಉತ್ತರಗಳಿವೆ. "ಹೆಣ್ಣುಮಕ್ಕಳನ್ನ ಹುಟ್ಟೋಕೇ ಬಿಡ್ಲಿಲ್ಲ, ಇನ್ನೆಲ್ಲಿಂದ ಬಂದಾವು" ಅನ್ನುವುದು ಒಂದು. ಅದರಲ್ಲಿ ಸತ್ಯ ಇದೆ. ಭ್ರೂಣದ ಲಿಂಗ ಪತ್ತೆ ಮಾಡಬಾರದು ಅಂತ ಕಾನೂನು ಬಂದದ್ದು 1994ರಲ್ಲಿ. 2023ರ ಕೊನೆಯಲ್ಲೂ ಮಂಡ್ಯ ಹತ್ತಿರದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ನಡೆಯುತ್ತಿತ್ತು ಅಂತ ಪೊಲೀಸರು ಬಯಲಿಗೆಳೆದರು. ಬೆಲ್ಲ ಬೇಯುವ ಜಾಗ ಅದು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಆದರೆ ಇದೊಂದೇ ಕಾರಣವಾಗಿದ್ದರೆ ಬೆಂಗಳೂರಿನಲ್ಲಿ ಕೆಲಸ ಮಾಡುವ ಅದೇ ಊರಿನ, ಅದೇ ಜಾತಿಯ ಹುಡುಗನಿಗೂ ಹೆಣ್ಣು ಸಿಗಬಾರದಿತ್ತು, ಅಲ್ವಾ? ಅವನಿಗೆ ಸಿಗುತ್ತಿದೆ.

ಇನ್ನೊಂದು ಉತ್ತರ, "ಓದಿದ ಹುಡುಗೀರಿಗೆ ಕೊಬ್ಬು, ದುರಾಸೆ." ಇದನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಾನು ಪದೇ ಪದೇ ಹೋಗುವ ಒಂದು ಮನೆ ಇದೆ. ಆ ಅವ್ವನಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗನಿಗೆ ನಾಲ್ಕು ವರ್ಷದಿಂದ ಹೆಣ್ಣು ಹುಡುಕುತ್ತಿದ್ದಾರೆ. ಮಗಳಿಗೆ ಪಕ್ಕದ ಊರಿಂದ ಗಂಡು ಬಂದಿತ್ತು, ಮೂರು ಎಕರೆ ಗದ್ದೆ, ಒಳ್ಳೆಯ ಮನೆತನ. ಬೇಡ ಅಂದಿದ್ದು ಮಗಳಲ್ಲ, ಆ ಅವ್ವ. ಯಾಕವ್ವ ಅಂದೆ. ಕೈ ತೋರಿಸಿದಳು. ಬೆರಳ ಸಂದಿಯಲ್ಲಿ ಗಂಜಲ ತಿಂದು ಬಿರುಕು ಬಿಟ್ಟಿತ್ತು. "ನಾನ್ ಪಟ್ಟಿದ್ದು ಸಾಕು ಕಣವ್ವ. ಅವ್ಳು ಬ್ಯಾಡ." ಮಗನಿಗೆ ಬರುವ ಸೊಸೆ ಅದೇ ಕೊಟ್ಟಿಗೆಗೆ ಬರಬೇಕು ಅನ್ನುವುದು ಅವಳಿಗೂ ಗೊತ್ತು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ಕೂತಿದ್ದೆವು.

ಹೆಣ್ಣು ಕೊಡದಿರುವವರು ಯಾರೋ ದೂರದವರಲ್ಲ. ರೈತನ ಮನೆಯಲ್ಲಿ ಮೂವತ್ತು ವರ್ಷ ದುಡಿದ ತಾಯಂದಿರೇ. ಆ ಕೆಲಸ ಎಂಥದ್ದು ಅಂತ ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಆ ಅವ್ವನ ಒಂದು ದಿನ ನನ್ನ ಪುಸ್ತಕದಲ್ಲಿದೆ. ನಾಲ್ಕೂವರೆಗೆ ಎದ್ದು ಹಂಡೆಗೆ ಉರಿ ಹಾಕುತ್ತಾಳೆ. ಕೊಟ್ಟಿಗೆಯ ಸಗಣಿ ಬಾಚಿ, ಹಿಂಡಿ ಬೂಸಾ ಕಲಸಿಟ್ಟು, ಎರಡು ಹಸು ಕರೆಯುತ್ತಾಳೆ. ಆರೂವರೆಗೆ ಹಾಲು ಡೈರಿಗೆ ಹೋಗಬೇಕು. ಡೈರಿಗೆ ಕ್ಯಾನು ಒಯ್ಯುವುದು ಗಂಡ. ಆಮೇಲೆ ತಿಂಡಿ, ಪಾತ್ರೆ, ಅತ್ತೆಗೆ ಸ್ನಾನ ಮಾಡಿಸಿ ಮಾತ್ರೆ ಕೊಡುವುದು. ಅತ್ತೆಗೆ ಒಂದು ಕಡೆ ಸ್ವಾಧೀನ ಇಲ್ಲ. ಹತ್ತಕ್ಕೆ ಗದ್ದೆ ಬದುವಿನಲ್ಲಿ ಹುಲ್ಲು ಕೊಯ್ಯಲು ಹೋಗುತ್ತಾಳೆ, ಕಬ್ಬಿನ ಕಟಾವಿದ್ದರೆ ಸೋಗೆ ತರುತ್ತಾಳೆ. ಮಧ್ಯಾಹ್ನ ಮುದ್ದೆ ಸಾರು. ಬಟ್ಟೆ. ನಾಲ್ಕಕ್ಕೆ ಮತ್ತೆ ಕೊಟ್ಟಿಗೆ, ಮತ್ತೆ ಕರೆಯುವುದು. ರಾತ್ರಿ ಅಡುಗೆ. ಒಂಬತ್ತೂವರೆಗೆ ಅತ್ತೆಯ ಬಟ್ಟೆ ಬದಲಿಸಿ ಮಲಗಿದಳು. ಒಂದೂಕಾಲಿಗೆ ಅತ್ತೆ ಕೂಗಿದಳು ಅಂತ ಎದ್ದಳು. "ನಿನ್ನೆ ಏನ್ ಕೆಲಸ ಮಾಡಿದ್ರಿ?" ಅಂತ ಶುರುವಿನಲ್ಲಿ ಕೇಳಿದಾಗ ಅವಳು ಕೊಟ್ಟ ಉತ್ತರ, "ಏನಿಲ್ಲ ಕಣವ್ವ, ಮನೇಲೇ ಇದ್ದೆ."

ಈ "ಮನೇಲೇ ಇದ್ದೆ" ಅನ್ನುವ ಮಾತಿನ ಹಿಂದೆ ಬಿದ್ದವರು ನನಗಿಂತ ಮುಂಚೆಯೇ ಇದ್ದರು. ಮೈಸೂರಿನಲ್ಲಿ 1933ರಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ 1970ರ ದಶಕದಲ್ಲೇ ರಾಜಸ್ಥಾನ, ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಹೆಂಗಸರ ದಿನದ ಲೆಕ್ಕ ಬರೆಸಿದರು. ಸರ್ಕಾರದ ಪಟ್ಟಿಯಲ್ಲಿ ಕೆಲಸ ಮಾಡದವರು ಅಂತ ಇದ್ದ ಹೆಂಗಸರು ದಿನವಿಡೀ ದುಡಿಯುತ್ತಿದ್ದರು. "ನಿಮ್ಮ ಮುಖ್ಯ ಕೆಲಸ ಏನು?" ಅಂತ ಕೇಳಿದರೆ ಇದು ಸಿಗುವುದಿಲ್ಲ. ಗಂಟೆ ಗಂಟೆಗೆ ಏನು ಮಾಡಿದಿರಿ ಅಂತ ಕೇಳಿದರೆ ಸಿಗುತ್ತದೆ. ದೇಶಕ್ಕೆಲ್ಲ ಸೇರಿ ಹೀಗೆ ಮೊದಲ ಸಲ ಸರ್ಕಾರ ಲೆಕ್ಕ ಹಾಕಿದ್ದು 2019ರಲ್ಲಿ. ಬೆಳಗಿನ ಜಾವ 4ರಿಂದ ಮಾರನೆಯ ದಿನ 4ರವರೆಗೆ, ಅರ್ಧರ್ಧ ಗಂಟೆಯ ತುಂಡು ಮಾಡಿ ಕೇಳಿದರು. 2024ರಲ್ಲಿ ಮತ್ತೆ ಮಾಡಿದರು. ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮಾಡುವ ಗಂಡಸರು 88 ನಿಮಿಷ. ಇದು ಮಾಡುವವರ ಲೆಕ್ಕ ಮಾತ್ರ. 2019ರಲ್ಲಿ ಮನೆಗೆಲಸಕ್ಕೆ ಕೈ ಹಾಕಿದ ಗಂಡಸರು ನೂರಕ್ಕೆ 26 ಜನ.

ಸರ್ಕಾರದ ಉದ್ಯೋಗದ ಸಮೀಕ್ಷೆಯಲ್ಲಿ ಯಾರು ಏನು ಮಾಡುತ್ತಾರೆ ಅನ್ನುವುದಕ್ಕೆ ಒಂದೊಂದು ಸಂಖ್ಯೆ ಹಾಕುತ್ತಾರೆ. ಅದರಲ್ಲಿ 93 ಅಂತ ಒಂದು ಇದೆ. ಮನೆಗೆಲಸದ ಜೊತೆಗೆ ಮನೆಗೆ ಸೌದೆ ತರುವವರು, ದನಕ್ಕೆ ಹುಲ್ಲು ತರುವವರು ಅದರೊಳಗೆ ಬರುತ್ತಾರೆ. ಆ ಸಂಖ್ಯೆ ಬಿದ್ದರೆ ಅವಳು ದುಡಿಯುವವರ ಗುಂಪಿನಲ್ಲಿಲ್ಲ ಅಂತ ಅರ್ಥ. ಹುಲ್ಲಿನ ಹೊರೆ ಹೊತ್ತು ಒಂದೂವರೆ ಮೈಲಿ ನಡೆದು ಬಂದವಳಿಗೆ ಈ ಸಂಖ್ಯೆಯನ್ನು ಹೇಗೆ ವಿವರಿಸುವುದು? ನಾನು ಇವತ್ತಿಗೂ ವಿವರಿಸಿಲ್ಲ.

ನಮ್ಮ ಜಿಲ್ಲೆಯ ಒಂದು ಹಳೆಯ ಕಥೆ ಇಲ್ಲಿ ಹೇಳಬೇಕು. 1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಅನ್ನುವ ವಿದ್ವಾಂಸೆ ಇಂಗ್ಲೆಂಡಿನಿಂದ ಮಂಡ್ಯ ಕಡೆಗೆ ಬಂದರು. ಎರಡು ಊರು ಆರಿಸಿಕೊಂಡರು. ಒಂದಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂದಿತ್ತು, ಇನ್ನೊಂದರ ಜಮೀನಿಗೆ ಬಂದಿರಲಿಲ್ಲ. ನೀರು ಬಂದ ಊರು ಪೂರ್ತಿ ಬದಲಾಗಿರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಅವರು ಕಂಡಿದ್ದು ಬೇರೆ. ನೀರಾವರಿ ಊರು ಶ್ರೀಮಂತವಾಯಿತು, ಆದರೆ ಒಕ್ಕಲಿಗೂ ಆಳಿಗೂ ಇದ್ದ ಹಳೆಯ ಸಂಬಂಧ ಹಾಗೇ ಉಳಿಯಿತು. ಒಣ ಊರಿನ ಗಂಡಸರು ದುಡಿಮೆಗೆ ಊರ ಹೊರಗೆ ಓಡಾಡಬೇಕಾಯಿತು. ಅಲ್ಲಿಯ ಕಟ್ಟುಪಾಡು ಜಾಸ್ತಿ ಸಡಿಲವಾಯಿತು. ದುಡ್ಡು ಬಂದ ಕೂಡಲೇ ರೀತಿ ನೀತಿ ಬದಲಾಗುವುದಿಲ್ಲ ಅನ್ನುವುದನ್ನು ನಾನು ಕಲಿತಿದ್ದು ಇದರಿಂದ.

ಅವರು ಬಂದ ಕಾಲದಲ್ಲಿ ಒಕ್ಕಲು ಮನೆಗಳಲ್ಲಿ ತೆರ ಇತ್ತು. ಹೆಣ್ಣು ತರುವವರು ಹೆಣ್ಣಿನ ಮನೆಗೆ ದುಡ್ಡು ಕೊಡಬೇಕು. 1970ರಲ್ಲಿ ಮತ್ತೆ ಬಂದಾಗ ಅದು ತಿರುಗಿ ವರದಕ್ಷಿಣೆಯಾಗಿತ್ತು. ಅದನ್ನು ನಿಷೇಧಿಸುವ ಕಾನೂನು 1961ರಲ್ಲೇ ಬಂದಿದ್ದರೂ! ಹೆಂಗಸರು ಹೊಲದಲ್ಲಿ ಜಾಸ್ತಿ ದುಡಿಯುವ ಕಡೆ ತೆರ ಇರುತ್ತದೆ, ಕಡಿಮೆಯಾದ ಕಡೆ ವರದಕ್ಷಿಣೆ ಬರುತ್ತದೆ ಅಂತ ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೋಸರಪ್ ಅದೇ 1970ರಲ್ಲಿ ಬರೆದರು. ಆದರೆ ನಮ್ಮಲ್ಲಿ ಕೆಲಸ ನಿಜವಾಗಲೂ ಕಡಿಮೆಯಾಯಿತಾ? ನನಗೆ ಹಾಗನ್ನಿಸುವುದಿಲ್ಲ. ಉಳ್ಳವರ ಮನೆಯಲ್ಲಿ ಅದು ಹೊಲದಿಂದ ಹಿತ್ತಲಿಗೆ, ಕೊಟ್ಟಿಗೆಗೆ ಸರಿಯಿತು. ಸೀಮೆಹಸು ಬಂದ ಮೇಲೆ ಇನ್ನೂ ಹೆಚ್ಚಿತು. ಬೀದಿಗೆ ಕಾಣುತ್ತಿದ್ದದ್ದು ಗೋಡೆಯ ಹಿಂದೆ ಹೋಯಿತು. ಕಾಣದ ಕೆಲಸಕ್ಕೆ ತೆರ ಯಾರು ಕೊಡುತ್ತಾರೆ?

ಈಗಿನ ಹುಡುಗಿಯರು ಆ ಗೋಡೆಯ ಹಿಂದೆ ಬೆಳೆದವರು. ಅವರಿಗೆ ಹೋಲಿಸಿ ನೋಡಲು ಇನ್ನೊಂದು ಕೆಲಸ ಕಣ್ಣೆದುರಿಗಿದೆ. ಬೆಳಗ್ಗೆ ಏಳಕ್ಕೆ ಊರ ಬಾಗಿಲಿಗೆ ಗಾರ್ಮೆಂಟ್ಸ್ ಬಸ್ಸು ಬರುತ್ತದೆ. ಅಲ್ಲಿಯ ದುಡಿಮೆ ಸುಲಭ ಅಂತ ನಾನು ಹೇಳುತ್ತಿಲ್ಲ. ಟಾರ್ಗೆಟ್ಟು, ಬೈಗುಳ, ಬೆನ್ನು ನೋವು ಎಲ್ಲ ಇದೆ. ಆದರೆ ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿಯುತ್ತದೆ ಅಂತ ಗೊತ್ತಿರುತ್ತದೆ. ಭಾನುವಾರ ರಜ. ಸಂಬಳ ತನ್ನ ಹೆಸರಿನ ಖಾತೆಗೆ ಬೀಳುತ್ತದೆ, ಪಿಎಫ್ ಇದೆ, ಇಎಸ್‌ಐ ಇದೆ. ಒಬ್ಬ ಹುಡುಗಿ ನನಗೆ ಹೇಳಿದ್ದು ಇಷ್ಟೇ: "ಅಕ್ಕಾ, ಕೊಟ್ಟಿಗೆಗೆ ಭಾನುವಾರ ಇಲ್ಲ."

ಇನ್ನು ಕಾಗದದ ಮಾತು. ಪಹಣಿ ಮಾವನ ಹೆಸರಲ್ಲಿ. ಡೈರಿಯ ಸದಸ್ಯತ್ವ ಗಂಡನ ಹೆಸರಲ್ಲಿ. ಕರೆದವಳು ಅವಳು, ಪುಸ್ತಕದಲ್ಲಿ ಹೆಸರು ಅವನದು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲು. ಆದರೂ 2015–16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ 14ರಷ್ಟು ಮಾತ್ರ. ತವರಿನಲ್ಲಿ ಅಣ್ಣ ತಮ್ಮಂದಿರ ಮುಖ ನೋಡಿ ಹಕ್ಕು ಬಿಟ್ಟೆ ಅಂತ ಸಹಿ ಹಾಕುತ್ತಾರೆ. ಇಲ್ಲಿ ಗಂಡನ ಮನೆಯಲ್ಲಿ ಹೆಸರು ಸೇರುವುದಿಲ್ಲ. ಗೃಹಲಕ್ಷ್ಮಿ 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಶುರುವಾಯಿತು. ತಿಂಗಳಿಗೆ 2000 ರೂಪಾಯಿ ಮನೆಯ ಯಜಮಾನಿಗೆ. ಅದು ಹೆಂಗಸರ ಕೈಗೆ ಬಂದಿದ್ದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂದರೆ ಮನೆಯ ಹಿರಿಯ ಹೆಂಗಸು. ಒಟ್ಟಿಗಿರುವ ಮನೆಯಲ್ಲಿ ಅದು ಅತ್ತೆ. ಹೊಸದಾಗಿ ಬಂದ ಸೊಸೆಗೆ ಆ ಕಾಗದದಲ್ಲೂ ಜಾಗ ಇಲ್ಲ.

2023ರ ಚುನಾವಣೆ ಹೊತ್ತಿಗೆ ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿಯವರು ರೈತರ ಮಕ್ಕಳನ್ನು ಮದುವೆಯಾಗುವ ಹೆಣ್ಣುಮಕ್ಕಳಿಗೆ 2 ಲಕ್ಷ ಕೊಡುತ್ತೇವೆ ಅಂದರು. ಕಷ್ಟ ಇದೆ ಅಂತ ಒಬ್ಬ ನಾಯಕರು ಒಪ್ಪಿಕೊಂಡರಲ್ಲ, ಅದು ಒಳ್ಳೆಯದೇ. ಆದರೆ ಒಂದು ಸಲದ ದುಡ್ಡಿನಿಂದ ನಾಲ್ಕೂವರೆಯ ಕೊಟ್ಟಿಗೆ ಬದಲಾಗುವುದಿಲ್ಲ.

ಹುಡುಗರು ದುಡಿಯುವುದಿಲ್ಲ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ರಾತ್ರಿ ಎರಡಕ್ಕೆ ತ್ರೀ ಫೇಸ್ ಕರೆಂಟು ಕೊಟ್ಟರೆ ಆಗಲೇ ಎದ್ದು ಹೋಗಿ ನೀರು ಕಟ್ಟುವವರು ಅವರು. ಕಬ್ಬಿನ ದುಡ್ಡಿಗೆ ತಿಂಗಳುಗಟ್ಟಲೆ ಕಾಯುವವರೂ ಅವರೇ. ಆದರೆ ಮನೆಯೊಳಗಿನ ಕೆಲಸಕ್ಕೆ ಕೈ ಹಾಕಲು ಅವರನ್ನು ತಡೆಯುವುದು ಸೋಮಾರಿತನ ಅಲ್ಲ. ಪಕ್ಕದ ಮನೆಯವರು ಏನಂದಾರು ಅನ್ನುವ ಭಯ. ಬೆಂಗಳೂರಿನ ರೂಮಿನಲ್ಲಿ ತಾನೇ ಅನ್ನ ಸಾರು ಮಾಡಿಕೊಂಡು ತಿಂದ ಹುಡುಗ ಊರಿಗೆ ಬಂದರೆ ಒಂದು ಲೋಟ ತೊಳೆಯುವುದಿಲ್ಲ. ತೊಳೆದರೆ "ಹೆಂಡ್ತಿ ಗುಲಾಮ".

ಇದರ ಬಗ್ಗೆ ನನಗೆ ತುಂಬಾ ಹಿಡಿಸಿದ ಒಂದು ಅಧ್ಯಯನ ಸೌದಿ ಅರೇಬಿಯಾದ ರಿಯಾದ್‌ನದ್ದು. ಹೆಂಡತಿ ಹೊರಗೆ ದುಡಿಯುವುದು ಸರಿಯಾ ಅಂತ ಮದುವೆಯಾದ ಯುವಕರನ್ನು ಗುಟ್ಟಾಗಿ ಕೇಳಿದರು. ಹೆಚ್ಚಿನವರು ಸರಿ ಅಂದರು. ಉಳಿದ ಗಂಡಸರು ಏನನ್ನುತ್ತಾರೆ ಅಂತ ಕೇಳಿದರೆ, ಒಪ್ಪುವವರು ಇರುವುದಕ್ಕಿಂತ ಬಹಳ ಕಡಿಮೆ ಅಂದುಕೊಂಡಿದ್ದರು. ಉಳಿದವರ ನಿಜವಾದ ಉತ್ತರ ತಿಳಿಸಿದ ಮೇಲೆ ಹೆಂಡತಿಯ ಹೆಸರನ್ನು ಕೆಲಸಕ್ಕೆ ನೋಂದಾಯಿಸಲು ಮುಂದೆ ಬಂದವರ ಸಂಖ್ಯೆ ಏರಿತು. ನಮ್ಮೂರ ಹುಡುಗರನ್ನು ನಾನು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿದ್ದೇನೆ. "ಹೆಂಡ್ತಿ ಬಂದ್ರೆ ಕೊಟ್ಟಿಗೆ ನಾನೇ ನೋಡ್ಕತೀನಿ ಅಕ್ಕಾ, ಆದ್ರೆ ನಮ್ಮೂರ್ ಜನ ಬಿಡಕಿಲ್ಲ" ಅನ್ನುತ್ತಾರೆ. ಆ "ನಮ್ಮೂರ್ ಜನ" ಅಂದರೆ ಇದೇ ಮಾತು ನನಗೆ ಹೇಳಿದ ಇನ್ನುಳಿದ ಹುಡುಗರು.

ಹಾಗಾಗಿ ಈಗ ಯಾರಾದರೂ ಹೆಣ್ಣು ಯಾಕೆ ಸಿಗ್ತಿಲ್ಲ ಅಂದರೆ, ನಿಮ್ಮ ಮನೆಯ ಡೈರಿ ಪುಸ್ತಕ ಯಾರ ಹೆಸರಲ್ಲಿದೆ ಅಂತ ನಾನು ಕೇಳುತ್ತೇನೆ. ಹಸು ಕರೆಯುವುದು ಯಾರು? ಹೊಸದಾಗಿ ಬರುವವಳು ಬೆಳಗ್ಗೆ ಎಷ್ಟಕ್ಕೆ ಏಳಬೇಕು, ಹುಷಾರಿಲ್ಲದ ದಿನ ಅವಳ ಬದಲು ಯಾರು? ಹೆಣ್ಣು ನೋಡಲು ಹೋದಾಗ ಎಷ್ಟು ಎಕರೆ ಅಂತ ಹೇಳುತ್ತೀರಿ, ಇದನ್ನೂ ಹೇಳಿ.

ಹೋದ ವರ್ಷ ಹೀಗೆ ಕೇಳಿದಾಗ ಒಬ್ಬ ಹುಡುಗ ಮಾತಾಡದೆ ಎದ್ದು ಹೋದ. ಬೇಜಾರಾಯಿತೇನೋ ಅಂದುಕೊಂಡೆ. ಎರಡು ತಿಂಗಳ ಮೇಲೆ ಅವನೇ ಫೋನ್ ಮಾಡಿದ. ಡೈರಿಯಲ್ಲಿ ಅಪ್ಪನ ಹೆಸರು ತೆಗೆಸಿ ಅವ್ವನ ಹೆಸರು ಹಾಕಿಸಿದ್ದ. ಅಪ್ಪ ನಾಲ್ಕು ದಿನ ಮಾತು ಬಿಟ್ಟಿದ್ದರಂತೆ. ಹಾಲು ಕರೆಯುವ ಮೆಷಿನ್ ತಂದು ಬೆಳಗಿನ ಪಾಳಿ ಅವನೇ ಹಿಡಿದಿದ್ದಾನೆ. ಹೆಣ್ಣು ಇನ್ನೂ ಸಿಕ್ಕಿಲ್ಲ. ಅವನ ಅವ್ವ ಈಗ ಆರು ಗಂಟೆಯವರೆಗೆ ಮಲಗುತ್ತಾಳೆ.