ಅರ್ಧ ಸಾಲಿನ ಸಾಲ

ನಮ್ಮ ಕಾಲೇಜಿನ 1986ರ ವಾರ್ಷಿಕ ಸಂಚಿಕೆಯಲ್ಲಿ ನನ್ನದೊಂದು ಲೇಖನವಿದೆ. ಸೋವಿಯತ್ ನಿರ್ದೇಶಕ ಅಲೆಕ್ಸಾಂಡರ್ ದೊವ್ಜೆಂಕೊ ಅವರ ಬಗ್ಗೆ, ನಾಲ್ಕು ಪುಟ. ಅದರಲ್ಲೊಂದು ಕಡೆ ‘ಅವರ ಪತ್ನಿಯೂ ನಟಿಯಾಗಿದ್ದರು’ ಎಂದು ಬರೆದಿದ್ದೇನೆ. ಹೆಸರು ಕೂಡ ಹಾಕಿಲ್ಲ. ಈ ಸಲ ಹಳೆಯ ವಿದ್ಯಾರ್ಥಿಗಳ ನೆನಪು ಬರೆದುಕೊಡಿ ಎಂದು ಕೇಳಿದಾಗ ಹಾಸ್ಟೆಲು, ಕ್ಯಾಂಟೀನು ಯಾವುದಕ್ಕೂ ಮೊದಲು ಮನಸ್ಸಿಗೆ ಬಂದದ್ದು ಆ ಅರ್ಧ ಸಾಲು. ಆ ಪತ್ನಿಯ ಹೆಸರು ಯೂಲಿಯಾ ಸೊಲ್ನ್ತ್ಸೇವಾ. ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿ ಪಡೆದ ಮೊದಲ ಮಹಿಳೆ.

ಅವರನ್ನು ನಾನು ಮೊದಲು ನೋಡಿದ್ದು ನಮ್ಮ ಸಭಾಂಗಣದಲ್ಲೇ. ಹೆಗ್ಗೋಡಿನ ಚಲನಚಿತ್ರ ರಸಗ್ರಹಣ ಶಿಬಿರಕ್ಕೆ ಹೋಗಿಬಂದಿದ್ದ ನಮ್ಮ ಇಂಗ್ಲಿಷ್ ಮೇಷ್ಟ್ರು ದೊವ್ಜೆಂಕೊ ಅವರ 1930ರ ‘ಭೂಮಿ’ ಚಿತ್ರದ 16 ಎಂ.ಎಂ. ಪ್ರತಿ ತರಿಸಿದ್ದರು. ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲು ಮಾಡಿದ್ದೆವು. ಮೂಕಿ ಚಿತ್ರ. ಪ್ರೊಜೆಕ್ಟರಿನ ಕಟಕಟ ಸದ್ದಿನ ನಡುವೆ ಮೇಷ್ಟ್ರು ಗೋಡೆಗೊರಗಿ ನಿಂತು, ಪರದೆಯ ಮೇಲೆ ಅಕ್ಷರ ಬಂದಾಗಲೆಲ್ಲ ಕನ್ನಡದಲ್ಲಿ ಹೇಳುತ್ತಿದ್ದರು. ಹಣ್ಣಿನ ರಾಶಿಯ ನಡುವೆ ನೆಮ್ಮದಿಯಿಂದ ಸಾಯುವ ಮುದುಕ, ಬೆಳದಿಂಗಳ ದಾರಿಯಲ್ಲಿ ಒಬ್ಬನೇ ಕುಣಿಯುತ್ತಾ ಬಂದು ಗುಂಡೇಟಿಗೆ ಬೀಳುವ ವಸೀಲ್, ಹೆಣ ಹೊತ್ತು ಹೋಗುವಾಗ ಅವನ ಮುಖ ಸವರುವ ಸೇಬಿನ ಕೊಂಬೆ. ಸತ್ತವನ ತಂಗಿಯಾಗಿ ಕಾಣಿಸಿಕೊಂಡವರು ಯೂಲಿಯಾ. ಆ ಚಿತ್ರಕ್ಕೆ ಅವರು ಸಹಾಯಕ ನಿರ್ದೇಶಕಿಯೂ ಆಗಿದ್ದರೆಂಬುದು ನನಗೆ ಆಗ ಗೊತ್ತಿರಲಿಲ್ಲ.

ಹುಟ್ಟಿದ್ದು 1901ರಲ್ಲಿ, ಮಾಸ್ಕೋದಲ್ಲಿ. ಹುಟ್ಟಿನ ಮನೆತನದ ಹೆಸರು ಪೆರೆಸ್ವೆತೊವಾ. ತೆರೆಗೆ ಬಂದಾಗ ಇದ್ದದ್ದು ಸೊಲ್ನ್ತ್ಸೇವಾ ಎಂಬ ಹೆಸರು. ಅದರೊಳಗೆ ರಷ್ಯನ್ ಭಾಷೆಯ ಸೂರ್ಯನಿದ್ದಾನೆ. 1924ರಲ್ಲಿ ಒಂದೇ ವರ್ಷ ಎರಡು ಚಿತ್ರ, ಎರಡೂ ಹೆಸರು ಮಾಡಿದವು. ನಿರ್ದೇಶಕ ಪ್ರೊತಜಾನೊವ್ ಅವರ ‘ಅಯೆಲಿತಾ’ದಲ್ಲಿ ಮಂಗಳಗ್ರಹದ ರಾಣಿ. ತಲೆಯ ಸುತ್ತ ಕಡ್ಡಿಗಳು ಕಿರಣದಂತೆ ಚಾಚಿಕೊಂಡ ಕಿರೀಟ; ಉಡುಪು ರೂಪಿಸಿದವರು ಚಿತ್ರಕಲಾವಿದೆ ಅಲೆಕ್ಸಾಂಡ್ರಾ ಎಕ್ಸ್ಟೆರ್. ರಾಣಿ ಒಂದು ಯಂತ್ರದೊಳಗಿಂದ ಭೂಮಿಯನ್ನು ಇಣುಕುತ್ತಾಳೆ, ಅಲ್ಲಿಬ್ಬರು ಮುತ್ತಿಡುವುದನ್ನು ಕಂಡು ತನಗೂ ಅದು ಬೇಕೆನ್ನುತ್ತಾಳೆ. ಜನ ಆ ಕಿರೀಟವನ್ನೇ ನೆನಪಿಟ್ಟುಕೊಂಡರು. ನನಗೆ ಮಾತ್ರ ಇನ್ನೊಂದು ಚಿತ್ರವೇ ಹೆಚ್ಚು ಇಷ್ಟ: ‘ಮೊಸ್ಸೆಲ್ಪ್ರೋಮ್‌ನ ಸಿಗರೇಟು ಹುಡುಗಿ’. ಮಾಸ್ಕೋದ ಬೀದಿಯಲ್ಲಿ ಕುತ್ತಿಗೆಗೆ ತಟ್ಟೆ ತೂಗುಹಾಕಿಕೊಂಡು ಆ ಹೆಸರಿನ ಸರ್ಕಾರಿ ಸಂಸ್ಥೆಯ ಸಿಗರೇಟು ಮಾರುವ ಜೀನಾ. ಸೇದುವ ಅಭ್ಯಾಸವೇ ಇಲ್ಲದ ಗುಮಾಸ್ತನೊಬ್ಬ ಅವಳನ್ನು ನೋಡಲೆಂದೇ ಪೊಟ್ಟಣ ಕೊಳ್ಳುತ್ತಿರುತ್ತಾನೆ. ರಾಣಿಯ ಬಿಗಿ ಇಲ್ಲಿಲ್ಲ. ಜನಜಂಗುಳಿಯ ಬೀದಿಯಲ್ಲಿ ನಡೆದಾಡುವ ಹೆಣ್ಣು, ಮುಖದ ತುಂಬ ಹಗುರ.

ಅಷ್ಟು ಹೆಸರಿದ್ದ ನಟಿ ದೊವ್ಜೆಂಕೊ ಜೊತೆಯಾದ ಮೇಲೆ ಕ್ಯಾಮೆರಾದ ಹಿಂದೆ ಸರಿದರು. ‘ಇವಾನ್’, ‘ಏರೊಗ್ರಾದ್’, ‘ಶ್ಚೋರ್ಸ್’ ಎಲ್ಲದರಲ್ಲೂ ಅವರ ದುಡಿಮೆಯಿದೆ. ಯುದ್ಧದ ನಡುವೆ, 1943ರಲ್ಲಿ, ಉಕ್ರೇನಿನ ಕದನದ ಬಗ್ಗೆ ಬಂದ ಸಾಕ್ಷ್ಯಚಿತ್ರದ ನಿರ್ದೇಶನದಲ್ಲಿ ಅವರೂ ಇದ್ದರು. ಮುಂದೆ ದೊವ್ಜೆಂಕೊ ಮೇಲೆ ಸ್ಟಾಲಿನ್ ಕಣ್ಣು ಕೆಂಪಾಯಿತು. ‘ಹೊತ್ತಿ ಉರಿವ ಉಕ್ರೇನ್’ ಎಂಬ ಚಿತ್ರಕಥೆಗೆ ನಿಷೇಧ ಬಿತ್ತು. ತನ್ನ ಉಕ್ರೇನಿನ ನೆಲದಿಂದ ದೂರ, ಮಾಸ್ಕೋದಲ್ಲಿ ಆ ಮನುಷ್ಯ ಬರೆಯುತ್ತಾ ಹೋದರು. ಹಾಳೆಗಳು ಸೇರುತ್ತಾ ಹೋದವು, ಚಿತ್ರಗಳಾಗಲಿಲ್ಲ.

ಕೊನೆಗೆ ‘ಸಮುದ್ರದ ಕಾವ್ಯ’ಕ್ಕೆ ಎಲ್ಲ ಸಿದ್ಧವಾಯಿತು. ನೀಪರ್ ನದಿಗೆ ಕಖೋವ್ಕಾದಲ್ಲಿ ಅಣೆಕಟ್ಟು ಕಟ್ಟಿದಾಗ ಮುಳುಗಡೆಯಾಗುವ ಹಳ್ಳಿಯ ಕಥೆ. ಚಿತ್ರೀಕರಣ ಶುರುವಾಗಬೇಕು, ಅಷ್ಟರಲ್ಲಿ, 1956ರ ನವೆಂಬರ್ 25ರಂದು, ದೊವ್ಜೆಂಕೊ ತೀರಿಕೊಂಡರು. ಯೂಲಿಯಾಗೆ ಆಗ ಐವತ್ತೈದು. ಚಿತ್ರ ನಿಲ್ಲಲಿಲ್ಲ, ಅವರೇ ನಿರ್ದೇಶಿಸಿದರು, 1958ರಲ್ಲಿ ತೆರೆಕಂಡಿತು. ಮರುವರ್ಷ ಆ ಚಿತ್ರಕಥೆಗೆ ಲೆನಿನ್ ಪ್ರಶಸ್ತಿ ಬಂತು, ತೀರಿಹೋದ ಗಂಡನ ಹೆಸರಿಗೆ.

ಆಮೇಲೆ ‘ಜ್ವಾಲೆಯ ವರ್ಷಗಳ ಕಥೆ’. ಸೋವಿಯತ್ ದೇಶದಲ್ಲಿ 70 ಎಂ.ಎಂ.ನಲ್ಲಿ ತೆಗೆದ ಮೊದಲ ಕಥಾಚಿತ್ರ. ಅದೂ ದೊವ್ಜೆಂಕೊ ಬರೆದಿಟ್ಟದ್ದೇ. 1961ರಲ್ಲಿ ಕಾನ್ ಪ್ರಶಸ್ತಿ ಬಂದದ್ದು ಇದಕ್ಕೆ. ಎರಡನೆಯ ಮಹಿಳೆಗೆ ಅದೇ ಪ್ರಶಸ್ತಿ ಸಿಗಲು 2017 ಬರಬೇಕಾಯಿತು, ಅಮೆರಿಕದ ನಿರ್ದೇಶಕಿ ಸೊಫಿಯಾ ಕೊಪ್ಪೊಲಾ ಅವರಿಗೆ. ಐವತ್ತಾರು ವರ್ಷ! ಗಂಡನ ಬರಹದಿಂದ ಯೂಲಿಯಾ ತೆಗೆದ ಮೂರನೆಯ ಚಿತ್ರ ‘ಮೋಹಕ ದೆಸ್ನಾ’, 1964ರದ್ದು; ದೊವ್ಜೆಂಕೊ ತಮ್ಮ ಬಾಲ್ಯವನ್ನೇ ನೆನೆದು ಬರೆದದ್ದು. ಯುದ್ಧದಲ್ಲಿ ತನ್ನೂರಿಗೆ ಮರಳಿದ ಕರ್ನಲ್ ಒಬ್ಬನಿಗೆ ನದಿದಂಡೆಯ ಬಾಲ್ಯ ಕಣ್ಣಿಗೆ ಕಟ್ಟುತ್ತದೆ. ಅವರ ಚಿತ್ರಗಳಲ್ಲಿ ಅಲ್ಲಲ್ಲಿ ಮಾತು ಭಾಷಣವಾಗುವುದುಂಟು, ಆ ಕಾಲದ ಸರ್ಕಾರಿ ದನಿ ಕೇಳಿಸುವುದುಂಟು. ಆದರೆ ಇದರಲ್ಲಿ ನೀರು, ತೋಟ, ಅಜ್ಜ, ಹುಡುಗ ಇಷ್ಟೇ ಸಾಕಾಗಿವೆ. ಬೇರೆಯವರ ಬಾಲ್ಯವನ್ನು ಒಬ್ಬರು ಇಷ್ಟು ಹತ್ತಿರದಿಂದ ಕಾಣಬಲ್ಲರೇ ಎಂದು ಪ್ರತಿ ಸಲ ನೋಡುವಾಗಲೂ ಬೆರಗಾಗುತ್ತದೆ.

ಗಂಡನ ಕೆಲಸ ಮುಗಿಸಿದ ಹೆಂಡತಿ ಎಂದು ಎಲ್ಲರೂ ಬರೆದರು. ನಾನು ಅಷ್ಟನ್ನೂ ಬರೆಯಲಿಲ್ಲ. ಈಗ ಅನಿಸುವುದೇ ಬೇರೆ. ಹಾಳೆಯಲ್ಲಿದ್ದ ಊರು ತೆರೆಯ ಮೇಲೆ ಬರಬೇಕಾದರೆ ಯಾರನ್ನು ಎಲ್ಲಿ ನಿಲ್ಲಿಸಬೇಕು, ಯಾವ ಬೆಳಕಿಗೆ ಕಾಯಬೇಕು, ಎಲ್ಲಿ ಕತ್ತರಿಸಬೇಕು ಎಂಬ ಸಾವಿರ ತೀರ್ಮಾನ ಬೇಕು. ಅಷ್ಟನ್ನೂ ತೆಗೆದುಕೊಂಡವರು ಅವರು. 1981ರಲ್ಲಿ ಸೋವಿಯತ್ ಒಕ್ಕೂಟದ ಜನತಾ ಕಲಾವಿದೆ ಎಂಬ ಗೌರವ ಬಂತು, 1989ರ ಅಕ್ಟೋಬರಿನಲ್ಲಿ ಮಾಸ್ಕೋದಲ್ಲೇ ತೀರಿಕೊಂಡರು. ನನ್ನ ಲೇಖನ ಅಚ್ಚಾದಾಗ ಆಕೆ ಬದುಕಿದ್ದರು.

‘ಸಮುದ್ರದ ಕಾವ್ಯ’ ನನಗೆ ಸಿಕ್ಕಿದ್ದು ತೀರಾ ಈಚೆಗೆ. 2023ರ ಜೂನ್‌ನಲ್ಲಿ ಯುದ್ಧದ ನಡುವೆ ಕಖೋವ್ಕಾ ಅಣೆಕಟ್ಟು ಒಡೆದ ಸುದ್ದಿ ಓದಿ ಹುಡುಕಿ ನೋಡಿದೆ. ಅಮ್ಮ ಪಕ್ಕದಲ್ಲೇ ಅಡಿಕೆ ಸುಲಿಯುತ್ತಾ ಕೂತಿದ್ದರು. ಲಿಂಗನಮಕ್ಕಿ ತುಂಬಿದಾಗ ನಮ್ಮ ಮನೆ ತೋಟವೆಲ್ಲ ಶರಾವತಿಯ ಪಾಲಾದದ್ದನ್ನು ಕಂಡವರು. ಹಳ್ಳಿಯವರು ಮನೆ ಬಿಡುವ ದೃಶ್ಯ ಬಂದಾಗ ಮೆಟ್ಟುಗತ್ತಿ ಪಕ್ಕಕ್ಕೆ ಸರಿಸಿ ಫೋನನ್ನು ಕೈಗೆ ತೆಗೆದುಕೊಂಡರು.

“ಇದು ಯಾವ ಊರಿದ್ದೋ?”

ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು, “ತೆಗೆದವರು ಯಾರು?” ಎಂದರು.

“ಯೂಲಿಯಾ ಸೊಲ್ನ್ತ್ಸೇವಾ ಅಂತ.”

“ಹೆಂಗಸಾ?”

“ಹೌದಮ್ಮ.”

“ಮತ್ತೊಂದು ಸಲ ಹೇಳು ಹೆಸರು” ಎಂದರು. ಹೇಳಿದೆ.