ಕುದುರೆ ಮೇಲೆ ಕೂತವರು ಬೇಡ: ವ್ಯಾಲಿ ಫೋರ್ಜ್‌ನಲ್ಲಿ ಒಂದು ದಿನ

ಮಗಳ ಶಾಲೆಯಿಂದ ಬಂದ ಕಾಗದದ ಮೊದಲ ಸಾಲೇ ತಮಾಷೆಯಾಗಿತ್ತು. ಜಾರ್ಜ್ ವಾಷಿಂಗ್ಟನ್ ಬೇಡ. ಅವರ ಹೆಂಡತಿಯೂ ಬೇಡ. ಕುದುರೆ ಮೇಲೆ ಕೂತವರು ಯಾರೂ ಬೇಡ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿದ್ದ ಒಬ್ಬ ಸಾಮಾನ್ಯ ಮನುಷ್ಯನನ್ನು ಆರಿಸಿಕೊಳ್ಳಿ. ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದ, ಏನು ತಿನ್ನುತ್ತಿದ್ದ, ಎಲ್ಲಿ ಮಲಗುತ್ತಿದ್ದ ಅಂತ ಹುಡುಕಿ ಬರೆಯಿರಿ. ಅದಕ್ಕೆ ಒಂದು ದಿನ, ವಾಷಿಂಗ್ಟನ್ನರ ಸೈನ್ಯ ಒಂದು ಚಳಿಗಾಲ ಬೀಡುಬಿಟ್ಟಿದ್ದ ವ್ಯಾಲಿ ಫೋರ್ಜ್‌ಗೆ ಹೋಗಿ ಬರೋಣ. ಮಕ್ಕಳ ಜೊತೆ ಬರಲು ನಾಲ್ಕು ಜನ ತಂದೆತಾಯಿಯರು ಬೇಕು.

ನಾನು ಬರುತ್ತೇನೆ ಅಂದೆ. ಇತಿಹಾಸದ ಮೇಲಿನ ಪ್ರೀತಿಯಿಂದ ಅಂತ ಹೇಳಿದರೆ ಸುಳ್ಳಾಗುತ್ತದೆ. ನ್ಯೂಜೆರ್ಸಿಗೆ ಬಂದು ಹನ್ನೊಂದು ವರ್ಷವಾಯಿತು. ವ್ಯಾಲಿ ಫೋರ್ಜ್‌ಗೆ ಅಂಟಿಕೊಂಡೇ ಇರುವ ಕಿಂಗ್ ಆಫ್ ಪ್ರಷ್ಯಾ ಮಾಲ್‌ಗೆ ಲೆಕ್ಕವಿಲ್ಲದಷ್ಟು ಸಲ ಹೋಗಿದ್ದೇನೆ. ಅಲ್ಲಿಂದ ಹತ್ತು ನಿಮಿಷ ದೂರದ ಈ ಜಾಗಕ್ಕೆ ಒಂದು ಸಲವೂ ಹೋಗಿರಲಿಲ್ಲ. ನಾಚಿಕೆ ಅಂತಾರಲ್ಲ, ಅದು.

ಏಪ್ರಿಲ್ ಎರಡನೇ ವಾರ. ಬಸ್ಸು ನಲವತ್ತು ನಿಮಿಷ ತಡವಾಗಿ ಬಂತು. ಆಮೇಲೆ ದಾರಿ ತಪ್ಪಿ ಸೀದಾ ಮಾಲ್‌ನ ಪಾರ್ಕಿಂಗ್‌ಗೇ ಹೋಗಿ ನಿಂತಿತು. ಹಿಂದಿನ ಸೀಟಿನಿಂದ ಒಂದು ಹುಡುಗಿ, "ನಾವು ಇಲ್ಲೇ ರಿಸರ್ಚ್ ಮಾಡ್ತೀವಿ" ಅಂದಳು. ಇಪ್ಪತ್ತಾರು ಮಕ್ಕಳೂ ಚಪ್ಪಾಳೆ ಹೊಡೆದರು.

ಕೊನೆಗೂ ಪಾರ್ಕ್ ಸಿಕ್ಕಿತು. ಒಳಗೆ ಹೋಗಲು ಟಿಕೆಟ್ ಇಲ್ಲ. ಹಸಿರು ಏರು, ಹಸಿರು ಇಳಿಜಾರು, ದೂರದಲ್ಲಿ ಮೇಯುತ್ತಿರುವ ಜಿಂಕೆಗಳು. ಯುದ್ಧದ ಜಾಗ ಅಂತ ಯಾರೂ ಹೇಳಲಾರರು. ನಿಜ ಹೇಳಬೇಕೆಂದರೆ ಇಲ್ಲಿ ಯುದ್ಧ ನಡೆದೇ ಇಲ್ಲ. 1777ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷರು ಫಿಲಡೆಲ್ಫಿಯಾ ಹಿಡಿದರು. ವಾಷಿಂಗ್ಟನ್ನರ ಸೈನ್ಯ ಚಳಿಗಾಲ ಕಳೆಯಲು ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದ ಈ ದಿಬ್ಬಕ್ಕೆ ಬಂತು. ಬಂದದ್ದು ಡಿಸೆಂಬರ್ 19ಕ್ಕೆ, ಬಿಟ್ಟಿದ್ದು ಮುಂದಿನ ಜೂನ್ 19ಕ್ಕೆ. ಸರಿಯಾಗಿ ಆರು ತಿಂಗಳು. ಸುಮಾರು 12,000 ಸೈನಿಕರು. ಒಂದು ಕಾಳಗವೂ ಇಲ್ಲದೆ ಅವರಲ್ಲಿ ಹತ್ತಿರ ಹತ್ತಿರ 2,000 ಜನ ಸತ್ತರು.

ಮೊದಲು ನೋಡಿದ್ದು ಮರದ ದಿಮ್ಮಿಗಳ ಗುಡಿಸಲುಗಳನ್ನು. ಹಳೆಯ ಗುಡಿಸಲು ಒಂದೂ ಉಳಿದಿಲ್ಲ, ಇವು ಮತ್ತೆ ಕಟ್ಟಿದವು. ಆದರೆ ಅಳತೆ ಮಾತ್ರ ಆಗಿನದೇ. ವಾಷಿಂಗ್ಟನ್ ಬರೆಸಿದ ಆದೇಶದಲ್ಲಿ ಎಲ್ಲವೂ ಇದೆ: 14 ಅಡಿ ಅಗಲ, 16 ಅಡಿ ಉದ್ದ, ಪಕ್ಕದ ಗೋಡೆ ಆರೂವರೆ ಅಡಿ, ಹಿಂದುಗಡೆ ಮಣ್ಣು ಮೆತ್ತಿದ ಒಲೆ, ಬಾಗಿಲು ಬೀದಿ ಕಡೆಗೆ. ಒಂದು ಗುಡಿಸಲಿಗೆ 12 ಜನ. ಪ್ರತಿ ರೆಜಿಮೆಂಟಿನಲ್ಲಿ ಬೇಗ ಮತ್ತು ಚೆನ್ನಾಗಿ ಕಟ್ಟಿದ ತಂಡಕ್ಕೆ 12 ಡಾಲರ್ ಬಹುಮಾನ. ಚಾವಣಿಗೆ ಹಲಗೆ ಇರಲಿಲ್ಲ. ಹಲಗೆಗಿಂತ ಅಗ್ಗವಾಗಿ, ಬೇಗ ಹೊದಿಸುವ ಉಪಾಯ ಹೇಳಿದವರಿಗೆ 100 ಡಾಲರ್. ದೊಡ್ಡ ಸೇನಾಪತಿ ಚಾವಣಿ ಚಿಂತೆಯಲ್ಲಿ ಕೂತಿದ್ದು ನನಗೆ ಯಾಕೋ ಇಷ್ಟವಾಯಿತು.

ಟೀಚರ್ ಹನ್ನೆರಡು ಮಕ್ಕಳನ್ನು ಎಣಿಸಿ ಒಂದರೊಳಗೆ ಕಳಿಸಿದರು. ಹಿಂದೆ ನಾನೂ ತೂರಿಕೊಂಡೆ. ನೆಲ ಬರೀ ಮಣ್ಣು, ಹಿಂದಿನ ದಿನದ ಮಳೆಗೆ ಇನ್ನೂ ತೇವ. ಎರಡೂ ಬದಿಗೆ ಒಂದರ ಮೇಲೊಂದು ಮೂರು ಅಟ್ಟಣೆ ಹಾಸಿಗೆ. ಹಾಸಿಗೆ ಅಂದರೆ ಹಲಗೆ, ಅಷ್ಟೇ. ದಿಮ್ಮಿಗಳ ಸಂದಿಯಲ್ಲಿ ಮೆತ್ತಿದ ಮಣ್ಣು ಅಲ್ಲಲ್ಲಿ ಉದುರಿ ಬೆರಳು ಹೋಗುವಷ್ಟು ಕಿಂಡಿ. ಒಬ್ಬ ಹುಡುಗ ಟೇಪು ಹಿಡಿದು ಅಳೆಯುತ್ತಿದ್ದ. ಮೇಲಿನ ಅಟ್ಟಣೆ ಹತ್ತಿದವನು ಕೂರಲು ಹೋಗಿ ತಲೆ ಬಡಿಸಿಕೊಂಡ. ಎರಡೇ ನಿಮಿಷಕ್ಕೆ ಒಳಗೆಲ್ಲ ಒದ್ದೆ ಜಾಕೆಟ್, ಶೂ, ಯಾರೋ ತಿಂದ ಚಿಪ್ಸ್ ವಾಸನೆ. "ಎಲ್ಲರೂ ಹೊರಗೆ ಹೋಗೋಣ, ಪ್ಲೀಸ್" ಅಂತ ಮೂಲೆಯಿಂದ ದನಿ ಬಂತು. ಆ ಒಲೆಯ ಹೊಗೆ, ತಿಂಗಳುಗಟ್ಟಲೆ ಒಗೆಯದ ಬಟ್ಟೆ, ಮೇಲೆ ಮಲಗಿದವನಿಗೆ ಭೇದಿ. ಇಷ್ಟನ್ನು ಸೇರಿಸಿಕೊಳ್ಳಿ ಅಂದರು ಗುಡಿಸಲ ಮುಂದೆ ಹಳೇ ಕಾಲದ ಕೋಟು ತೊಟ್ಟು ನಿಂತಿದ್ದ ಸ್ವಯಂಸೇವಕರು.

ಚಿಪ್ಸ್ ಅಂದೆ ಅಲ್ವಾ, ಊಟದ ವಿಷಯ ಹೇಳಿಬಿಡುತ್ತೇನೆ. ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ 'ಫೈರ್ ಕೇಕ್' ಆಗಿತ್ತು. ಅದೂ ಹೋಮ್‌ವರ್ಕೇ. ಹೆಸರು ಕೇಳಿ ಮೋಸ ಹೋಗಬೇಡಿ. ಹಿಟ್ಟಿಗೆ ನೀರು ಕಲಸಿ ಬಿಸಿ ಕಲ್ಲಿನ ಮೇಲೋ ಬೂದಿಯಲ್ಲೋ ಸುಡುವುದು, ಮುಗೀತು. ರೊಟ್ಟಿಯ ಬಡ ಚಿಕ್ಕಪ್ಪನ ಮಗ. ಉಪ್ಪಿಲ್ಲ, ಎಣ್ಣೆಯಿಲ್ಲ. ನಾನು ಅಭ್ಯಾಸಬಲದಿಂದ ಉಪ್ಪಿನ ಡಬ್ಬಿಗೆ ಕೈ ಹಾಕಿದೆ, ಮಗಳು ಕೈ ಹಿಡಿದು ನಿಲ್ಲಿಸಿದಳು. ಮಾಂಸ ಬಾರದ ದಿನಗಳಲ್ಲಿ ಸೈನಿಕರ ಹೊಟ್ಟೆಗೆ ಬಿದ್ದದ್ದು ಇದೇ. ಸಾಮಾನು ದೇಶದಲ್ಲಿ ಇರಲಿಲ್ಲ ಅಂತಲ್ಲ. ಬಂಡಿ ಇಲ್ಲ, ಬಂಡಿಗೆ ಕುದುರೆ ಇಲ್ಲ, ರಸ್ತೆ ಕೆಸರು, ರೈತರಿಗೆ ಹೊಸ ಸರ್ಕಾರದ ಕಾಗದದ ನೋಟಿಗಿಂತ ಬ್ರಿಟಿಷರ ಬೆಳ್ಳಿ ನಾಣ್ಯವೇ ಇಷ್ಟ. ಹೀಗೇ ಹೋದರೆ ಸೈನ್ಯ ಉಪವಾಸ ಸಾಯುತ್ತದೆ ಇಲ್ಲವೇ ಚದುರಿ ಹೋಗುತ್ತದೆ ಎಂದು ವಾಷಿಂಗ್ಟನ್ ಬಂದ ನಾಲ್ಕೇ ದಿನಕ್ಕೆ ಹೊಸ ದೇಶದ ಸಭೆಯಾದ ಕಾಂಗ್ರೆಸ್ಸಿಗೆ ಬರೆದರು.

ಟೇಪು ಹಿಡಿದಿದ್ದ ಹುಡುಗ ಆರಿಸಿಕೊಂಡದ್ದು ಜೋಸೆಫ್ ಪ್ಲಂಬ್ ಮಾರ್ಟಿನ್ ಎಂಬ ಸೈನಿಕನನ್ನು. ಇಲ್ಲಿಗೆ ಬಂದಾಗ ಮಾರ್ಟಿನ್‌ಗೆ ಹದಿನೇಳು ವರ್ಷ. ಮುದುಕನಾದ ಮೇಲೆ ನೆನಪುಗಳನ್ನು ಬರೆದಿಟ್ಟ, 1830ರಲ್ಲಿ ಅದು ಅಚ್ಚಾಯಿತು. ಬಂದ ರಾತ್ರಿ ಬಾಯಾರಿ ಎದುರಿಗೆ ಬಂದ ಇಬ್ಬರು ಸೈನಿಕರ ಹತ್ತಿರ ನೀರು ಕೇಳಿದನಂತೆ. ಅವರು ಸುಮ್ನೆ ಕೊಡಲಿಲ್ಲ, ಮೂರು ಪೆನ್ಸ್ ತೆಗೆದುಕೊಂಡರು. ಅವನ ಹತ್ತಿರ ಇದ್ದದ್ದೂ ಅಷ್ಟೇ. ಎರಡು ರಾತ್ರಿ, ಒಂದು ಹಗಲು ಅವನ ಊಟ ಅರ್ಧ ಸಣ್ಣ ಕುಂಬಳಕಾಯಿ. ಬಂಡೆಯ ಮೇಲೆ ಬೋರಲು ಹಾಕಿ, ಸಿಪ್ಪೆಯ ಮೇಲೆ ಬೆಂಕಿ ಮಾಡಿ ಬೇಯಿಸಿದ್ದು. "ನೀರಿಗೂ ದುಡ್ಡು ತಗೊಂಡ್ರು, ಅದೂ ಸ್ವಂತ ಸೈನ್ಯದವರೇ" ಅಂತ ಆ ಹುಡುಗ ಮೂರು ಜನಕ್ಕೆ ಮೂರು ಸಲ ಹೇಳಿದ. ಸಿಟ್ಟು ಅವನಿಗೇ ಬಂದಿತ್ತು.

ನಾನು ಹೋಗುವ ಮೊದಲು ಅಂದುಕೊಂಡಿದ್ದು ಚಳಿಗೆ ಜನ ಸತ್ತರು ಅಂತ. ಚಿತ್ರಗಳಲ್ಲೆಲ್ಲ ಹಿಮ, ಬರಿಗಾಲು, ರಕ್ತದ ಹೆಜ್ಜೆ. ಕಾಲಿಗೆ ಶೂ ಇಲ್ಲದವರು ಬಹಳ ಜನ ಇದ್ದದ್ದು ಖರೆ. ಆದರೆ ಸತ್ತವರಲ್ಲಿ ಹೆಚ್ಚಿನವರು ಸತ್ತದ್ದು ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ. ಅಂದರೆ ನಾವು ಜಾಕೆಟ್ ತೆಗೆದು ಸೊಂಟಕ್ಕೆ ಕಟ್ಟಿಕೊಂಡು ಓಡಾಡುತ್ತಿದ್ದ ಇಂಥದೇ ಹವೆಯಲ್ಲಿ. ಟೈಫಸ್, ಟೈಫಾಯಿಡ್, ಭೇದಿ, ಫ್ಲೂ. ಹಿಮ ಕರಗಿತು, ಸತ್ತು ಬಿದ್ದ ಕುದುರೆಗಳು ಕೊಳೆತವು. ಕಂಡಕಂಡಲ್ಲಿ ಕೂರಬೇಡಿ, ಕಕ್ಕಸು ಗುಂಡಿಗೇ ಹೋಗಿ ಅಂತ ಆದೇಶದ ಮೇಲೆ ಆದೇಶ ಹೊರಟಿತು. ಒಂದೇ ವಿಷಯಕ್ಕೆ ಅಷ್ಟು ಸಲ ಆದೇಶ ಬಂದಿದೆ ಅಂದರೆ ಯಾರೂ ಕೇಳುತ್ತಿರಲಿಲ್ಲ ಅಂತಲೇ ಅರ್ಥ. ನಮ್ಮ ಅಪಾರ್ಟ್‌ಮೆಂಟಿನ ನೋಟಿಸ್ ಬೋರ್ಡು ನೋಡಿದವರಿಗೆ ಇದು ಚೆನ್ನಾಗಿ ಗೊತ್ತು.

ಒಂದು ಕೆಲಸ ಮಾತ್ರ ಚೆನ್ನಾಗಿ ನಡೆಯಿತು, ಸಿಡುಬಿನದು. ಸಿಡುಬು ಎದ್ದವನ ಗುಳ್ಳೆಯ ಕೀವನ್ನು ಆರೋಗ್ಯವಂತನ ತೋಳಿನಲ್ಲಿ ಸಣ್ಣ ಗೀರು ಹಾಕಿ ಸೇರಿಸುವುದು. ಹೆಚ್ಚಿನವರಿಗೆ ಸೌಮ್ಯವಾಗಿ ಬಂದು ಹೋಗುತ್ತದೆ, ಮತ್ತೆ ಬರುವುದಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಸ್ವತಃ ಸಿಡುಬಿನಿಂದ ಎದ್ದು ಬಂದಿದ್ದ ವಾಷಿಂಗ್ಟನ್ 1777ರಲ್ಲೇ ಸೈನ್ಯಕ್ಕೆಲ್ಲ ಇದನ್ನು ಮಾಡಿಸಲು ಹೇಳಿದ್ದರು. ಅದುವರೆಗೆ ಮಾಡಿಸಿಕೊಳ್ಳದೆ ಉಳಿದಿದ್ದ ಸಾವಿರಾರು ಜನಕ್ಕೆ ಇಲ್ಲಿ ಆಯಿತು. ಶತ್ರುವಿಗೆ ತಿಳಿದರೆ ಕಷ್ಟ ಅಂತ ಗುಟ್ಟಾಗಿ.

ಆ ಸೈನ್ಯದ ನೆನಪಿಗೆ ಕಟ್ಟಿದ ದೊಡ್ಡ ಕಮಾನು ನೋಡಿದೆವು. ದೊಡ್ಡದಾಗಿದೆ. ಎಲ್ಲರೂ ಫೋಟೋ ತೆಗೆಸಿಕೊಂಡೆವು.

ವಾಷಿಂಗ್ಟನ್ ಇದ್ದ ಕಲ್ಲಿನ ಮನೆ ಬೇರೆ ಮಾತು. ಬಾಡಿಗೆ ಮನೆ, ಎಷ್ಟು ಚಿಕ್ಕದು ಅಂದರೆ ಮಕ್ಕಳನ್ನು ಎರಡು ಬ್ಯಾಚ್ ಮಾಡಿ ಒಳಗೆ ಬಿಟ್ಟರು. ಇಷ್ಟರಲ್ಲಿ ಸೇನಾಪತಿ, ಅವರ ಸಹಾಯಕರು, ಆಳುಗಳು, ಫೆಬ್ರವರಿಯಿಂದ ಹೆಂಡತಿ ಮಾರ್ಥಾ ಕೂಡ. ಒಂದು ಹುಡುಗಿ ಮಾತ್ರ ಆಫೀಸು, ಮಲಗುವ ಕೋಣೆ ಯಾವುದನ್ನೂ ನೋಡದೆ ಅಡುಗೆಮನೆಯಲ್ಲೇ ನಿಂತಿದ್ದಳು. ಅವಳು ಆರಿಸಿಕೊಂಡದ್ದು ಹನ್ನಾ ಟಿಲ್‌ಳನ್ನು. ಹನ್ನಾ ವಾಷಿಂಗ್ಟನ್ನರ ಅಡುಗೆಯವಳು. ಇನ್ನೊಬ್ಬರ ಗುಲಾಮಳಾಗಿದ್ದು, ದುಡಿದ ಹಣದಲ್ಲಿ ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡವಳು. ಸ್ವಾತಂತ್ರ್ಯಕ್ಕಾಗಿ ಹೋರಾಡುವವರಿಗೆ ಅಡುಗೆ ಮಾಡಿ ಹಾಕುತ್ತಾ, ತನ್ನ ಸ್ವಾತಂತ್ರ್ಯಕ್ಕೆ ಕಂತು ಕಟ್ಟುತ್ತಾ. ಆ ಹುಡುಗಿ ಒಲೆಯ ಚಿತ್ರ ಬರೆದುಕೊಂಡಳು, ಕಬ್ಬಿಣದ ಕೊಕ್ಕೆ ಸಮೇತ. ನಾನೇನೂ ಕೇಳಲಿಲ್ಲ, ಅವಳೂ ಏನೂ ಹೇಳಲಿಲ್ಲ.

ಕಪ್ಪು ಸೈನಿಕರನ್ನು ಆರಿಸಿಕೊಂಡವರು ಇಬ್ಬರಿದ್ದರು. 1778ರ ಆಗಸ್ಟ್‌ನಲ್ಲಿ ಸೈನ್ಯದಲ್ಲಿದ್ದ ಕಪ್ಪು ಜನರ ಲೆಕ್ಕ ಹಾಕಿದಾಗ 755 ಬಂತು. ಅಮೆರಿಕದ ಮೂಲನಿವಾಸಿಗಳಾದ ಒನೈಡಾ ಬುಡಕಟ್ಟಿನ ಪಾಲಿ ಕೂಪರ್‌ಳನ್ನು ಇನ್ನೊಬ್ಬ ಆರಿಸಿಕೊಂಡಿದ್ದ. ಆಕೆ ದೂರದಿಂದ ಬಿಳಿ ಮೆಕ್ಕೆಜೋಳ ತಂದ ತಂಡದ ಜೊತೆ ಬಂದು, ಅದನ್ನು ಬೇಯಿಸುವುದನ್ನು ಸೈನಿಕರಿಗೆ ಕಲಿಸಿದಳು, ದುಡ್ಡು ಬೇಡ ಅಂದಳು, ಕೊನೆಗೆ ಒಂದು ಶಾಲು ಕೊಟ್ಟು ಕಳಿಸಿದರು ಅಂತ ಒನೈಡಾ ಜನ ಇಂದಿಗೂ ಹೇಳುತ್ತಾರೆ.

ಮಗಳ ಕಥೆ ಬೇರೆಯೇ ಆಗಿತ್ತು. ಅವಳಿಗೆ ಬಟ್ಟೆ ಒಗೆಯುವವಳು ಬೇಕಿತ್ತು. ಈ ಶಿಬಿರದಲ್ಲಿ ಸುಮಾರು 400 ಹೆಂಗಸರು, ಮಕ್ಕಳು ಇದ್ದರು. ಹೆಚ್ಚಿನವರು ಸೈನಿಕರ ಹೆಂಡತಿಯರು. ಊರಲ್ಲಿ ಕೂತರೆ ಹೊಟ್ಟೆಗಿಲ್ಲ, ಅದಕ್ಕೇ ಗಂಡನ ಹಿಂದೆ ಹೊರಟವರು. ಒಗೆಯುವುದು, ಹೊಲಿಯುವುದು, ರೋಗಿಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಪಡಿ ಸಿಕ್ಕರೆ ಗಂಡಸಿನ ಅರ್ಧ. ಬಟ್ಟೆಯಲ್ಲಿನ ಹೇನಿನಿಂದ ಟೈಫಸ್ ಹರಡುತ್ತದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಆ ಲೆಕ್ಕದಲ್ಲಿ ಬಿಸಿನೀರಲ್ಲಿ ಅಂಗಿ ಕುದಿಸಿದ ಹೆಂಗಸು ಎಷ್ಟು ಜನರನ್ನು ಉಳಿಸಿರಬೇಕು! ಆದರೆ ಹಾಜರಿ ಪಟ್ಟಿ ಸೈನಿಕರದ್ದು. ಅದರಲ್ಲಿ ಸಾವಿರಾರು ಗಂಡಸರು ಹೆಸರು, ರೆಜಿಮೆಂಟು, ರೋಗ, ಓಡಿಹೋದ ತಾರೀಖು ಸಮೇತ ಸಿಗುತ್ತಾರೆ. ಒಗೆದವಳು ಸಿಗುವುದಿಲ್ಲ.

ಮಗಳು ಪಾರ್ಕಿನ ರೇಂಜರ್ ಒಬ್ಬರನ್ನು ಹಿಡಿದು ಕೇಳಿದಳು. ಆಕೆ ನಗಲಿಲ್ಲ, ಒಂದು ಕ್ಷಣ ಯೋಚಿಸಿದರು. ಹೆಸರು ಹುಡುಕಬೇಡ, ಪಾತ್ರೆ ಹುಡುಕು ಅಂದರು. ಎಷ್ಟು ದೊಡ್ಡ ಹಂಡೆ, ನೀರು ಎಷ್ಟು ದೂರ, ಸೌದೆ ಎಲ್ಲಿಂದ, ಸೋಪು ಯಾವುದರಿಂದ. ಮಗಳು ತಿರುಗಿ ಗುಡಿಸಲುಗಳ ಹತ್ತಿರದಿಂದ ತೊರೆಯ ಕಡೆಗೆ ಹೊರಟಳು, ಹೆಜ್ಜೆ ಎಣಿಸುತ್ತಾ. ನಾನೂ ಹಿಂದೆ. ಅರ್ಧ ದಾರಿಯಲ್ಲೇ ಟೀಚರ್ ಶಿಳ್ಳೆ ಊದಿದರು, ಬಸ್ಸಿಗೆ ಹೊತ್ತಾಯಿತು ಅಂತ. ಆರುನೂರ ನಲವತ್ತಕ್ಕೆ ನಿಂತಳು. ತೊರೆ ಇನ್ನೂ ಕಾಣುತ್ತಿರಲಿಲ್ಲ. ಬರಿಗೈಯಲ್ಲೇ ನನಗೆ ಏದುಸಿರು.

ವಾಪಸ್ ಬರುವಾಗ ಡೆಲವೇರ್ ನದಿ ದಾಟಿದೆವು. ನನ್ನ ಹತ್ತಿರವೂ ಒಂದು ಕಥೆಯಿತ್ತು, ಹೇಳದೆ ಇರಲು ಆಗಲಿಲ್ಲ. ಇದೇ ನದಿ ಸೇರುವ ಕೊಲ್ಲಿಯಲ್ಲಿ 1782ರ ಏಪ್ರಿಲ್ 8ರಂದು ಪೆನ್ಸಿಲ್ವೇನಿಯಾದ ಒಂದು ಹಡಗು ತನಗಿಂತ ಬಲವಾದ ಬ್ರಿಟಿಷ್ ಹಡಗನ್ನು ಅರ್ಧ ಗಂಟೆಯೊಳಗೆ ಸೋಲಿಸಿ ಹಿಡಿಯಿತು. ಕಪ್ತಾನ ಜೋಶುವಾ ಬಾರ್ನಿಗೆ ಇನ್ನೂ 22. ಹಡಗಿನ ಹೆಸರು 'ಹೈದರ್ ಅಲಿ'. ಹೌದು, ನಮ್ಮ ಮೈಸೂರಿನ ಹೈದರಾಲಿಯೇ. ಆಗ ಅವರೂ ಬ್ರಿಟಿಷರ ಮೇಲೆ ಯುದ್ಧದಲ್ಲಿದ್ದರು. ಇನ್ನೊಂದು ಎಳೆಯೂ ಇದೆ. 1777ರಲ್ಲಿ ಫಿಲಡೆಲ್ಫಿಯಾದೊಳಗೆ ಬ್ರಿಟಿಷ್ ಪಡೆಯನ್ನು ನಡೆಸಿಕೊಂಡು ಬಂದ ಕಾರ್ನ್‌ವಾಲಿಸ್, 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಸೋತ ಹತ್ತು ವರ್ಷದೊಳಗೆ, 1791ರಲ್ಲಿ ಬೆಂಗಳೂರು ಕೋಟೆಯ ಮುಂದೆ ಬಂದು ನಿಂತಿದ್ದ. ಮಕ್ಕಳು ಕಿವಿಗೊಟ್ಟು ಕೇಳಿದರು. ಟೀಚರ್ ಮಾತ್ರ, "ಹೈದರಾಲಿ ಕುದುರೆ ಹತ್ತುತ್ತಿದ್ದರಾ?" ಅಂತ ಕೇಳಿದರು. ಹೌದು ಅಂದೆ. "ಹಾಗಾದರೆ ನಮ್ಮ ರೂಲ್ ಪ್ರಕಾರ ಔಟ್." ಇಡೀ ಬಸ್ಸು ನಕ್ಕಿತು. ಆ ಹಡಗಿನಲ್ಲಿ ಅಡುಗೆ ಯಾರು ಮಾಡುತ್ತಿದ್ದರು ಅಂತ ಹಿಂದಿನಿಂದ ಒಬ್ಬ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಪಕ್ಕದಲ್ಲಿ ಮಗಳು ಶಾಲೆ ಕೊಟ್ಟ ಹಾಳೆ ತುಂಬುತ್ತಿದ್ದಳು. ಮೊದಲ ಖಾನೆ ಖಾಲಿ ಬಿಟ್ಟಿದ್ದಳು. ಕೆಳಗೆ ದುಂಡಗೆ ಬರೆದಿದ್ದಳು: ಕೆಲಸ, ಒಗೆಯುವುದು. ಪಡಿ, ಅರ್ಧ. ನೀರಿಗೆ, 640 ಹೆಜ್ಜೆಗಿಂತ ಜಾಸ್ತಿ, ಒಂದು ಕಡೆಗೆ.

"ಅಮ್ಮ, ತುಂಬಿದ ಬಕೆಟ್ ಹಿಡಿದರೆ ಹೆಜ್ಜೆ ಚಿಕ್ಕದಾಗುತ್ತೆ ಅಲ್ವಾ?"

ಆಗುತ್ತೆ ಅಂದೆ. ಅವಳು 640 ಅನ್ನು ಹೊಡೆದು ಹಾಕಿ, ಪೆನ್ಸಿಲ್ ಕಚ್ಚಿಕೊಂಡು ಲೆಕ್ಕಕ್ಕೆ ಕೂತಳು.